ದಾಳವೂ ನಡೆಯೂ

ಒಂದು ಯುಗದ ಮನಸ್ಸನ್ನು ಅರಿಯಬೇಕಾದರೆ ಅದರ ಕಾವ್ಯವನ್ನು ಓದಬೇಕು, ಶಿಲ್ಪವನ್ನು ನೋಡಬೇಕು ಎಂದು ಹೇಳುವುದು ವಾಡಿಕೆ. ಅದು ಸರಿಯಾದ ಮಾತೇ. ಆದರೆ ಅದೇ ಯುಗದ ಜನ ಸಂಜೆಯ ಹೊತ್ತು ದೀಪ ಹಚ್ಚಿ, ಎದುರುಬದುರಾಗಿ ಕುಳಿತು, ಯಾವ ಆಟ ಆಡುತ್ತಿದ್ದರು ಎಂದು ವಿಚಾರಿಸುವವರು ಕಡಮೆ. ಆಟವೆಂಬುದು ಬಿಡುವಿನ ವೇಳೆಯ ಸಂಗತಿ, ಅದರಲ್ಲಿ ತತ್ತ್ವವೇನಿದ್ದೀತು ಎಂಬ ಉಪೇಕ್ಷೆಯೇ ಇದಕ್ಕೆ ಕಾರಣವಿರಬೇಕು. ವಾಸ್ತವವಾಗಿ ನೋಡಿದರೆ, ಮಣೆಯ ಮೇಲೆ ಕಾಯಿ ನಡೆಸುವ ಪ್ರತಿಯೊಂದು ಆಟವೂ ಒಂದು ಪುಟ್ಟ ಲೋಕ. ಆ ಲೋಕದಲ್ಲಿ ಯಾರಿಗೆ ಎಷ್ಟು ಬಲ, ಯಾವ ತಪ್ಪಿಗೆ ಯಾವ ದಂಡ, ಗೆಲವು ಬುದ್ಧಿಯಿಂದ ಬರುವುದೋ ಅದೃಷ್ಟದಿಂದಲೋ ಎಂಬುದನ್ನು ಆಟದ ನಿಯಮಗಳು ತೀರ್ಮಾನಿಸುತ್ತವೆ. ಆ ನಿಯಮಗಳನ್ನು ಜನ ಒಪ್ಪಿ ಆಡಿದರೆಂದರೆ, ಲೋಕ ಹೀಗಿದೆ ಎಂದೋ ಹೀಗಿದ್ದರೆ ಚೆನ್ನ ಎಂದೋ ಅವರ ಮನಸ್ಸಿನಲ್ಲಿ ಇತ್ತೆಂದು ಊಹಿಸಬಹುದು. ಈ ದೃಷ್ಟಿಯಿಂದ ಯೂರೋಪಿನ ಪುನರುಜ್ಜೀವನ ಯುಗದ, ಎಂದರೆ ಹದಿನೈದು ಹದಿನಾರನೆಯ ಶತಮಾನಗಳ, ಕೆಲವು ಮಣೆಯಾಟಗಳನ್ನು ಕುರಿತು ಇಂದು ಮಾತನಾಡಬಯಸುತ್ತೇನೆ.

ನಮ್ಮ ಪ್ರಾಚೀನರು ದೈವ ಮತ್ತು ಪೌರುಷ ಎಂದು ಎರಡು ಪಕ್ಷ ಮಾಡಿ ಚರ್ಚಿಸಿದ ಪ್ರಶ್ನೆಯೇ ಇಟಲಿಯ ಆ ಕಾಲದ ವಿಚಾರವಂತರನ್ನೂ ಕಾಡಿತು. ದೈವವನ್ನು ಅವರು ಫೊರ್ತೂನಾ ಎಂದರು. ಪೌರುಷವನ್ನು ವಿರ್ತೂ ಎಂದರು. ಮಾಕಿಯವೆಲ್ಲಿ 1513ರಲ್ಲಿ ರಚಿಸಿ, ಅವನ ಮರಣಾನಂತರ 1532ರಲ್ಲಿ ಮುದ್ರಣಗೊಂಡ ‘ರಾಜಕುಮಾರ’ ಎಂಬ ಗ್ರಂಥದ ಕೊನೆಯ ಭಾಗದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ನಮ್ಮ ಕಾರ್ಯಗಳಲ್ಲಿ ಸುಮಾರು ಅರ್ಧ ಅದೃಷ್ಟದ ಅಧೀನ, ಉಳಿದರ್ಧ ನಮ್ಮ ಕೈಯಲ್ಲಿದೆ ಎಂಬುದು ಅವನ ಅಭಿಪ್ರಾಯ. ಅದೃಷ್ಟವನ್ನು ಅವನು ಉಕ್ಕಿ ಹರಿಯುವ ಹೊಳೆಗೆ ಹೋಲಿಸುತ್ತಾನೆ. ಹೊಳೆ ಉಕ್ಕಿದಾಗ ಯಾರೂ ಎದುರು ನಿಲ್ಲಲಾರರು. ಆದರೆ ಅದು ಶಾಂತವಾಗಿರುವಾಗ ಏರಿ ಕಟ್ಟಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಈ ಅರ್ಧಾರ್ಧದ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಯುಗದ ಎರಡು ಮಣೆಗಳನ್ನು ನೋಡೋಣ. ಒಂದರಲ್ಲಿ ಪೂರ್ತಿ ಪೌರುಷ. ಇನ್ನೊಂದರಲ್ಲಿ ಪೂರ್ತಿ ದೈವ.

ಮೊದಲನೆಯದು ಚದುರಂಗ. ಭಾರತದಲ್ಲಿ ಹುಟ್ಟಿ, ಪಾರಸಿಕರಿಂದ ಅರಬರಿಗೆ, ಅರಬರಿಂದ ಯೂರೋಪಿಗೆ ಹೋದ ಈ ಆಟ ಅಲ್ಲಿ ಕೆಲವು ಶತಮಾನಗಳ ಕಾಲ ನಿಧಾನವಾಗಿಯೇ ನಡೆಯುತ್ತಿತ್ತು. ನಾವು ಮಂತ್ರಿ ಎಂದು ಕರೆಯುವ ಕಾಯಿ ರಾಜನ ಪಕ್ಕದಲ್ಲಿ ನಿಂತು, ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿತ್ತು. ಯೂರೋಪಿನವರು ಅದನ್ನು ರಾಣಿಯೆಂದು ಕರೆದು ಬಹುಕಾಲವಾಗಿದ್ದರೂ ಹೆಸರು ಬದಲಾಯಿತೇ ಹೊರತು ಬಲ ಬದಲಾಗಿರಲಿಲ್ಲ. ನಮ್ಮ ಒಂಟೆಯ ಸ್ಥಾನದ ಕಾಯಿಯೂ ಓರೆಯಾಗಿ ಎರಡು ಮನೆ ಮಾತ್ರ ಹಾರುತ್ತಿತ್ತು. ಎರಡು ಸೈನ್ಯಗಳು ಒಂದನ್ನೊಂದು ಸಮೀಪಿಸುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು.

ಸುಮಾರು 1475ರಲ್ಲಿ ಸ್ಪೇನಿನ ವಲೆನ್ಸಿಯಾ ನಗರದಲ್ಲಿ ಮೂವರು ಕವಿಗಳು ಸೇರಿ ಕತಲಾನ್ ಭಾಷೆಯಲ್ಲಿ ಒಂದು ಕಾವ್ಯ ಬರೆದರು. ‘ಪ್ರೇಮದ ಚದುರಂಗ’ ಎಂದು ಅದರ ಹೆಸರು. ಮಣೆಗೆ ಅರುವತ್ತನಾಲ್ಕು ಮನೆಗಳಿರುವಂತೆ ಕಾವ್ಯಕ್ಕೆ ಅರುವತ್ತನಾಲ್ಕು ಪದ್ಯಗಳು. ಕಸ್ತೆಲ್ವಿ ಎಂಬ ಕವಿ ಯುದ್ಧದೇವತೆ ಮಾರ್ಸನ ಪರವಾಗಿ ಕಾಯಿ ನಡೆಸುತ್ತಾನೆ. ವಿನ್ಯೋಲೆಸ್ ಪ್ರೇಮದೇವತೆ ವೀನಸಳ ಪರವಾಗಿ. ಮೂರನೆಯವನಾದ ಫೆನೊಯ್ಯಾರ್ ಮಧ್ಯಸ್ಥನಾಗಿ ನಿಯಮಗಳನ್ನು ಹೇಳುತ್ತಾನೆ. ಸಾಹಿತ್ಯದ ದೃಷ್ಟಿಯಿಂದ ಇದೊಂದು ವಿನೋದ. ಆದರೆ ಆಟದ ಚರಿತ್ರೆಯಲ್ಲಿ ಇದಕ್ಕೆ ಶಾಸನದ ಬೆಲೆಯಿದೆ. ಏಕೆಂದರೆ ರಾಣಿ ಎಂಟು ದಿಕ್ಕಿಗೂ ತಡೆಯಿಲ್ಲದೆ ಓಡುವ ಹೊಸ ಚದುರಂಗದ ಒಂದು ಇಡೀ ಆಟ ನಮಗೆ ಮೊತ್ತಮೊದಲು ದೊರೆಯುವುದು ಇಲ್ಲಿಯೇ. 1497ರಲ್ಲಿ ಲುಸೇನ ಎಂಬಾತ ಸಾಲಮಾಂಕದಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೆಯ ಆಟದ ಸಮಸ್ಯೆಗಳೂ ಹೊಸ ಆಟದ ಸಮಸ್ಯೆಗಳೂ ಜೊತೆಜೊತೆಗಿವೆ. ಅಲ್ಲಿಂದ ಒಂದೆರಡು ತಲೆಮಾರಿನೊಳಗೆ ಹಳೆಯ ಆಟ ಹಿಂದೆ ಸರಿಯಿತು.

ಇಟಲಿಯವರು ಹೊಸ ಆಟವನ್ನು ‘ರೊಚ್ಚಿನ ಚದುರಂಗ’ ಎಂದರು. ಫ್ರೆಂಚರು ‘ಹುಚ್ಚೆದ್ದ ರಾಣಿಯ ಚದುರಂಗ’ ಎಂದರು. ಹೆಸರಿನಲ್ಲಿ ಮೆಚ್ಚಿಕೆಯೂ ಇದೆ, ಭಯವೂ ಇದೆ. 1474ರಲ್ಲಿ ಕಾಸ್ತೀಲದ ಸಿಂಹಾಸನವೇರಿದ ಇಸಬೆಲ್ಲಾ ರಾಣಿಯ ಪ್ರತಾಪವೇ ಮಣೆಯ ಮೇಲೆ ಪ್ರತಿಬಿಂಬಿಸಿತೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ರಮ್ಯವಾದದ್ದು, ಪ್ರಮಾಣ ಸಾಲದು. ನಿಶ್ಚಯವಾಗಿ ಹೇಳಬಹುದಾದದ್ದು ಇಷ್ಟು: ಹೊಸ ಆಟದಲ್ಲಿ ಒಂದೇ ಒಂದು ತಪ್ಪು ನಡೆಗೆ ಸರ್ವನಾಶವಾಗತೊಡಗಿತು. ತಪ್ಪಿಗೆ ದಾಳವನ್ನು ದೂರುವಂತಿಲ್ಲ, ಎದುರಾಳಿಯ ಪುಣ್ಯವೆನ್ನುವಂತಿಲ್ಲ. ಕಾಯಿ ನಡೆಸಿದ ಕೈಯೇ ಹೊಣೆ. ಮನುಷ್ಯನ ಬುದ್ಧಿಯಲ್ಲಿ ಅಪಾರ ವಿಶ್ವಾಸವಿಟ್ಟ ಯುಗಕ್ಕೆ ಇದು ತಕ್ಕ ಆಟವಾಗಿತ್ತು.

ಈ ಆಟ ಗಂಡಸರದು ಮಾತ್ರವಾಗಿರಲಿಲ್ಲ. ಗಣಿತಜ್ಞ ಲೂಕಾ ಪಚೋಲಿ ತನ್ನ ಚದುರಂಗದ ಗ್ರಂಥವನ್ನು ಅರ್ಪಿಸಿದ್ದು ಮಾಂತುವಾದ ಇಸಬೆಲ್ಲಾ ದೆಸ್ತೆಗೆ. ಕಳೆದೇಹೋಯಿತೆಂದು ತಿಳಿದಿದ್ದ ಆ ಹಸ್ತಪ್ರತಿ 2006ರಲ್ಲಿ ಇಟಲಿಯ ಗೊರಿತ್ಸಿಯಾ ಪಟ್ಟಣದ ಒಂದು ಗ್ರಂಥಭಂಡಾರದಲ್ಲಿ ಪತ್ತೆಯಾಯಿತು. ಕ್ರೆಮೋನದ ಚಿತ್ರಕಾರ್ತಿ ಸೊಫೊನಿಸ್ಬಾ ಆಂಗ್ವಿಸೋಲಾ 1555ರಲ್ಲಿ ತನ್ನ ತಂಗಿಯರು ಚದುರಂಗವಾಡುತ್ತಿರುವ ಚಿತ್ರವನ್ನು ಬರೆದಳು. ಅದೀಗ ಪೋಲೆಂಡಿನ ಪೊಜ್ನಾನ್ ನಗರದಲ್ಲಿದೆ. ಲೂಚಿಯಾ ಮಣೆಯ ಮೇಲೆ ಕೈಯಿಟ್ಟು ನಮ್ಮ ಕಡೆ ನೋಡುತ್ತಿದ್ದಾಳೆ. ಎದುರಿನ ಮಿನೆರ್ವಾ ಏನೋ ಹೇಳಹೊರಟು ಕೈಯೆತ್ತಿದ್ದಾಳೆ. ನಡುವೆ ಪುಟ್ಟ ಯೂರೋಪಾ ನಗುತ್ತಿದ್ದಾಳೆ. ಪಕ್ಕದಲ್ಲಿ ನಿಂತು ನೋಡುವವಳು ಮನೆಯ ವೃದ್ಧ ಸೇವಕಿ. ಹೆಣ್ಣುಮಕ್ಕಳನ್ನು ಅಲಂಕಾರದ ಗೊಂಬೆಗಳಂತೆ ಕೂರಿಸಿ ಚಿತ್ರಿಸುತ್ತಿದ್ದ ಕಾಲದಲ್ಲಿ ಅವರು ಯೋಚಿಸುತ್ತಿರುವುದನ್ನು ಚಿತ್ರಿಸಿದ್ದು ಸಣ್ಣ ಸಾಹಸವಲ್ಲ. ಅವಿಲಾದ ಸಂತ ತೆರೇಸಾ ಕೂಡ ತನ್ನ ಮಠದ ಸೋದರಿಯರಿಗೆ ಧ್ಯಾನಮಾರ್ಗವನ್ನು ಬೋಧಿಸುವಾಗ ಈ ಆಟದ ಉಪಮೆಯನ್ನೇ ಬಳಸಿದಳು. ರಾಜನನ್ನು ಹೆಚ್ಚು ಬಲವಾಗಿ ಕಟ್ಟಿಹಾಕಬಲ್ಲವಳು ರಾಣಿ. ಭಗವಂತನೆಂಬ ರಾಜನನ್ನು ಶರಣಾಗಿಸಬಲ್ಲ ರಾಣಿ ವಿನಯ ಎಂದು ಅವಳ ಮಾತಿನ ಭಾವ.

ಇಷ್ಟಾದರೂ ಆ ಯುಗದ ಎಲ್ಲರೂ ಚದುರಂಗಕ್ಕೆ ಮರುಳಾಗಲಿಲ್ಲ. 1528ರಲ್ಲಿ ಪ್ರಕಟವಾದ ಕಸ್ತಿಲ್ಯೋನೆಯ ‘ಆಸ್ಥಾನಿಕ’ ಎಂಬ ಸಂವಾದಗ್ರಂಥದಲ್ಲಿ ಒಂದು ಸೊಗಸಾದ ಆಕ್ಷೇಪಣೆ ಬರುತ್ತದೆ. ಚದುರಂಗದ ದೋಷವೆಂದರೆ ಅದರಲ್ಲಿ ಅತಿಯಾಗಿ ಪಳಗಲು ಸಾಧ್ಯವಿರುವುದು. ಒಂದು ಶಾಸ್ತ್ರಕ್ಕೆ ಬೇಕಾಗುವಷ್ಟು ಪರಿಶ್ರಮಪಟ್ಟು ಕೊನೆಗೆ ಕಲಿತದ್ದು ಒಂದು ಆಟ ಮಾತ್ರ. ಆದ್ದರಿಂದ ಇದೊಂದರಲ್ಲಿ ಪರಿಣತಿಗಿಂತ ಸಾಧಾರಣ ಜ್ಞಾನವೇ ಹೆಚ್ಚು ಮೆಚ್ಚತಕ್ಕದ್ದು ಎಂದು ಅಲ್ಲಿಯ ವಾದ. ಅದೇ ಗ್ರಂಥದಲ್ಲಿ ಒಂದು ಕೋತಿಯ ಕತೆಯೂ ಇದೆ. ಪೋರ್ಚುಗಲ್ಲಿನ ದೊರೆಯ ಮುಂದೆ ಒಬ್ಬ ಶ್ರೀಮಂತನೊಡನೆ ಚದುರಂಗವಾಡಿದ ಕೋತಿ ಅವನನ್ನು ಸೋಲಿಸಿತಂತೆ. ಅವನು ಸಿಟ್ಟಿನಿಂದ ರಾಜನ ಕಾಯಿಯನ್ನೇ ಎತ್ತಿ ಅದರ ತಲೆಗೆ ಕುಟ್ಟಿದನು. ಕೋತಿ ದೊರೆಗೆ ಮೊರೆಯಿಟ್ಟಿತು. ಮತ್ತೆ ಆಡೆಂದು ಕರೆದಾಗ ಒಲ್ಲದ ಮನಸ್ಸಿನಿಂದ ಬಂದು ಕೂತಿತು. ಎರಡನೆಯ ಸಲವೂ ಗೆಲ್ಲುವ ಗಳಿಗೆ ಬಂದಾಗ, ಒಂದು ಕೈಯಿಂದ ಅವನ ಮೊಣಕೈ ಕೆಳಗಿದ್ದ ದಿಂಬನ್ನು ಮೆಲ್ಲನೆ ಎಳೆದು ತಲೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಕೊನೆಯ ಕಾಯಿ ನಡೆಸಿತು. ಇದು ನಗುವ ಕತೆ, ನಿಜ. ಆದರೆ ಆಸ್ಥಾನಗಳಲ್ಲಿ ಬದುಕಿದವರಿಗೆ ಇದರ ಮೊನೆ ತಿಳಿಯದೆ ಇರಲಾರದು. ಮಣೆಯ ಮೇಲೆ ಎಲ್ಲರೂ ಸಮಾನರು, ಮಣೆಯಾಚೆ ಹಾಗಲ್ಲ. ದೊಡ್ಡವರನ್ನು ಗೆಲ್ಲುವವನು ತಲೆಗೊಂದು ದಿಂಬನ್ನೂ ಹುಡುಕಿಕೊಂಡಿರಬೇಕು.

ಇನ್ನು ಎರಡನೆಯ ಮಣೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಫ್ಲಾರೆನ್ಸಿನ ಮಹಾಪ್ರಭು ಫ್ರಾಂಚೆಸ್ಕೋ ಮೆದಿಚಿ ಸ್ಪೇನಿನ ಎರಡನೆಯ ಫಿಲಿಪ್ ದೊರೆಗೆ ಒಂದು ಹೊಸ ಆಟವನ್ನು ಕಾಣಿಕೆಯಾಗಿ ಕಳಿಸಿದನು. ಅದರ ಹೆಸರು ‘ಬಾತಿನ ಆಟ’. ಹೊರಗಿನಿಂದ ಒಳಕ್ಕೆ ಸುರುಳಿ ಸುತ್ತುವ ದಾರಿ, ಅದರಲ್ಲಿ ಅರುವತ್ತಮೂರು ಮನೆ. ಎರಡು ದಾಳ ಉರುಳಿಸಿ, ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ಬಾತುಕೋಳಿಯ ಚಿತ್ರವಿರುವ ಮನೆಗೆ ಬಂದರೆ ಮತ್ತೆ ಅಷ್ಟೇ ಮುನ್ನಡೆ. ಹತ್ತೊಂಬತ್ತನೆಯದು ಛತ್ರ, ಅಲ್ಲಿ ತಂಗಿ ಹೊತ್ತು ಕಳೆಯಬೇಕು. ಮೂವತ್ತೊಂದು ಬಾವಿ, ಐವತ್ತೆರಡು ಸೆರೆಮನೆ. ಇನ್ನೊಬ್ಬ ಬಂದು ಬೀಳುವವರೆಗೆ ಬಿಡುಗಡೆಯಿಲ್ಲ. ನಲವತ್ತೆರಡು ಜಟಿಲವ್ಯೂಹ. ಐವತ್ತೆಂಟು ಮೃತ್ಯು, ಗುರಿ ಇನ್ನು ಐದೇ ಮನೆ ದೂರವಿರುವಾಗ ಬಂದು ಬಿದ್ದವನು ಮೊದಲಿನಿಂದ ಆರಂಭಿಸಬೇಕು. ಆಡುವವನ ಜಾಣತನಕ್ಕೆ ಇಲ್ಲಿ ಎಳ್ಳಷ್ಟೂ ಎಡೆಯಿಲ್ಲ. ನಮ್ಮ ಪರಮಪದ ಸೋಪಾನದಲ್ಲಿಯೂ ದಾಳವೇ ಒಡೆಯ. ಆದರೆ ಅಲ್ಲಿ ಏಣಿಗೆ ಪುಣ್ಯದ ಹೆಸರು, ಹಾವಿಗೆ ಪಾಪದ ಹೆಸರು ಉಂಟು. ಬಾತಿನ ಆಟದ ಬಾವಿಗೆ ಅಂಥ ಕಾರಣ ಯಾವುದೂ ಇಲ್ಲ. ಬಾವಿ ದಾರಿಯಲ್ಲಿತ್ತು, ಬಿದ್ದೆ, ಅಷ್ಟೆ.

ಅದೇ ಫಿಲಿಪ್ ದೊರೆಯ ಆಸ್ಥಾನದಲ್ಲಿ 1575ರ ಸುಮಾರಿಗೆ ಸ್ಪೇನಿನ ಪಾದ್ರಿ ರೂಯ್ ಲೋಪೆಸನನ್ನು ಇಟಲಿಯ ಲೆಯೊನಾರ್ದೋ ಚದುರಂಗದಲ್ಲಿ ಸೋಲಿಸಿದನು. ಎರಡು ಮಣೆಗಳೂ ಒಂದೇ ಅರಮನೆಯನ್ನು ಮುಟ್ಟಿದ್ದವೆಂಬುದು ಗಮನಾರ್ಹ. 1588ರಲ್ಲಿ ಆ ದೊರೆ ಇಂಗ್ಲೆಂಡಿನ ಮೇಲೆ ಕಳಿಸಿದ ಮಹಾನೌಕಾಪಡೆ ಮೊದಲು ಶತ್ರುವಿನ ಕೌಶಲಕ್ಕೆ ಸಿಕ್ಕಿತು. ಬಳಿಕ ಬಿರುಗಾಳಿಗೆ ಸಿಕ್ಕಿತು. ಅವನ ಬದುಕಿನ ಮಣೆಯಲ್ಲಿ ನಡೆಯೂ ಇತ್ತು, ದಾಳವೂ ಇತ್ತು.

ದಾಳಕ್ಕೂ ಒಂದು ಲೆಕ್ಕವುಂಟೆಂದು ಕಂಡುಕೊಂಡವನು ಮಿಲಾನಿನ ವೈದ್ಯ, ಗಣಿತಜ್ಞ ಜಿರೋಲಾಮೋ ಕಾರ್ದಾನೋ. ಇವನ ಕಾಲ 1501ರಿಂದ 1576. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಚದುರಂಗ, ಇಪ್ಪತ್ತೈದು ವರ್ಷ ದಾಳ ಆಡಿದೆನೆಂದು ಆತ್ಮಕಥೆಯಲ್ಲಿ ನಾಚಿಕೊಂಡೇ ಬರೆದಿದ್ದಾನೆ. ಅವನ ಜೂಜಿನ ಗ್ರಂಥ ಅಚ್ಚಾದದ್ದು 1663ರಲ್ಲಿ. ಎರಡು ದಾಳಗಳು ಬೀಳುವ ರೀತಿಗಳು ಒಟ್ಟು ಮೂವತ್ತಾರು ಎಂದು ಅವನು ಎಣಿಸಿದನು. ಈ ಎಣಿಕೆಯಂತೆ ಒಂಬತ್ತು ಬೀಳುವ ರೀತಿಗಳು ನಾಲ್ಕು. ಬಾತಿನ ಆಟದಲ್ಲಿ ಮೊದಲೇ ಒಂಬತ್ತು ಬಿದ್ದರೆ ಕಾಯಿ ಬಾತಿನಿಂದ ಬಾತಿಗೆ ಹಾರಿ ಒಂದೇ ಬಾರಿಗೆ ಗುರಿ ಮುಟ್ಟಿಬಿಡುತ್ತದೆ. ಅದಕ್ಕೆಂದೇ ಆ ಎಸೆತಕ್ಕೆ ಬೇರೆ ನಿಯಮ ಮಾಡಿದ್ದರು. ಎಂದರೆ ಕುರುಡು ಅದೃಷ್ಟದ ಆಟಕ್ಕೂ ಎಣಿಸಬಲ್ಲ ಒಂದು ಬುದ್ಧಿ ಏರಿ ಕಟ್ಟಿತ್ತು. ಆದರೆ ಎಣಿಸಿದ ಮಾತ್ರಕ್ಕೆ ಹೊಳೆ ನಿಲ್ಲುವುದಿಲ್ಲ. 1560ರಲ್ಲಿ ಕಾರ್ದಾನೋನ ಹಿರಿಯ ಮಗ, ಹೆಂಡತಿಗೆ ವಿಷವಿಕ್ಕಿದ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾದನು. ಆ ದುಃಖದಿಂದ ತಂದೆ ಕೊನೆಯವರೆಗೂ ಚೇತರಿಸಿಕೊಳ್ಳಲಿಲ್ಲ.

ಈ ವಿಚಾರಕ್ಕೆ ಭಾರತದ ಕಡೆಯಿಂದ ಒಂದು ಕೊಂಡಿಯುಂಟು. ಕ್ರೆಮೋನದವನೇ ಆದ ವಿದಾ ಎಂಬ ಕವಿ 1527ರಲ್ಲಿ ಚದುರಂಗವನ್ನು ಕುರಿತು ವರ್ಜಿಲನ ಮಹಾಕಾವ್ಯದ ಧಾಟಿಯಲ್ಲಿ ಲ್ಯಾಟಿನ್ ಕಾವ್ಯವೊಂದನ್ನು ಪ್ರಕಟಿಸಿದನು. ಅದರಲ್ಲಿ ಅಪೊಲೋ, ಮರ್ಕ್ಯುರಿ ದೇವತೆಗಳು ಆಡುತ್ತಾರೆ, ಮರ್ಕ್ಯುರಿ ಗೆಲ್ಲುತ್ತಾನೆ. ಆ ಕಾವ್ಯದ ಪ್ರೇರಣೆಯಿಂದ 1763ರಲ್ಲಿ ‘ಕಾಯಿಸಾ’ ಎಂಬ ಇಂಗ್ಲಿಷ್ ಕವಿತೆ ರಚಿಸಿದ ಹುಡುಗನೇ ಮುಂದೆ ಕಲ್ಕತ್ತೆಗೆ ನ್ಯಾಯಾಧೀಶನಾಗಿ ಬಂದು, 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸ್. ಆತ 1790ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಲ್ಲಿಯ ಪಂಡಿತರಿಂದ ತಿಳಿದ ನಾಲ್ವರ ಚತುರಂಗವನ್ನು ವರ್ಣಿಸಿದ್ದಾನೆ. ಅದರಲ್ಲಿ ದಾಳವುಂಟು. ಐದು ಬಿದ್ದರೆ ರಾಜ ಇಲ್ಲವೆ ಕಾಲಾಳು, ನಾಲ್ಕಕ್ಕೆ ಆನೆ, ಮೂರಕ್ಕೆ ಕುದುರೆ, ಎರಡಕ್ಕೆ ದೋಣಿ. ಯಾವ ಕಾಯಿ ನಡೆಯಬೇಕೆಂಬುದು ದೈವದ ಆಜ್ಞೆ. ಎಲ್ಲಿಗೆ ನಡೆಯಬೇಕೆಂಬುದು ಆಡುವವನ ವಿವೇಕ. ಮಾಕಿಯವೆಲ್ಲಿಯ ಅರ್ಧಾರ್ಧದ ಲೆಕ್ಕ ಇಲ್ಲಿ ಮಣೆಯ ನಿಯಮವೇ ಆಗಿದೆ.

ನಮ್ಮ ಕಾಲದಲ್ಲಿ ಆ ಯುಗವೇ ಆಟದ ವಸ್ತುವಾಗಿದೆ. 1995ರಲ್ಲಿ ಜರ್ಮನಿಯ ರೈನರ್ ಕ್ನೀಜಿಯಾ ‘ಮೆದಿಚಿ’ ಎಂಬ ವರ್ತಕರ ಆಟವನ್ನೂ, 2000ದಲ್ಲಿ ವೋಲ್ಫ್‌ಗಾಂಗ್ ಕ್ರಾಮರ್ ಮತ್ತು ರಿಚರ್ಡ್ ಉಲ್ರಿಶ್ ‘ಫ್ಲಾರೆನ್ಸಿನ ಪ್ರಭುಗಳು’ ಎಂಬ ಆಟವನ್ನೂ ಹೊರತಂದರು. ಎರಡನೆಯದರಲ್ಲಿ ನಾವು ಶ್ರೀಮಂತ ಮನೆತನದ ಯಜಮಾನರು. ಅರಮನೆ ಕಟ್ಟಿಸಿ, ಉದ್ಯಾನ ಮಾಡಿಸಿ, ಕಲಾವಿದರನ್ನೂ ಪಂಡಿತರನ್ನೂ ಕರೆಸಿ, ಅವರ ಕೃತಿಗಳಿಂದ ಕೀರ್ತಿಯ ಅಂಕ ಗಳಿಸಬೇಕು. ಸಾಹಿತ್ಯಪ್ರಿಯರಿಗೆ ಇಲ್ಲೊಂದು ಕಸಿವಿಸಿ ಆಗುವುದು ಸಹಜ. ಆಶ್ರಯದಾತನ ಕಣ್ಣಿಗೆ ಕೃತಿಯೆಲ್ಲ ಅಂಕವೇ. ಕೃತಿಕಾರನ ಸಂಕಟಕ್ಕೆ ಮಣೆಯ ಮೇಲೆ ಮನೆಯಿಲ್ಲ. ಆದರೆ ಇದು ಪೂರ್ತಿ ಸುಳ್ಳು ಚಿತ್ರವೂ ಅಲ್ಲ. ಮೆದಿಚಿಗಳಂಥ ಮನೆತನಗಳು ಕಲೆಗೆ ಹಣ ಸುರಿದದ್ದು ಕಲಾಪ್ರೇಮದಿಂದ ಎಷ್ಟೋ, ಕೀರ್ತಿಯ ಹಂಬಲದಿಂದಲೂ ಅಷ್ಟೇ. ನಮ್ಮ ಆಸ್ಥಾನಕವಿಗಳ ಚರಿತ್ರೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2016ರಲ್ಲಿ ಇಟಲಿಯವರೇ ರಚಿಸಿದ ‘ಭವ್ಯ ಲೊರೆಂತ್ಸೋ’ ಎಂಬ ಆಟ ನನಗೆ ಇನ್ನೂ ಅರ್ಥಪೂರ್ಣವಾಗಿ ಕಾಣುತ್ತದೆ. ಅದರಲ್ಲಿ ಪ್ರತಿ ಸುತ್ತಿಗೂ ಮೂರು ದಾಳಗಳನ್ನು ಒಮ್ಮೆ ಮಾತ್ರ ಉರುಳಿಸುತ್ತಾರೆ. ಬಿದ್ದ ಅಂಕಗಳು ಎಲ್ಲ ಆಟಗಾರರಿಗೂ ಸಮಾನ. ಬರಗಾಲ ಬಂದರೆ ಊರಿಗೆಲ್ಲ ಬಂದಂತೆ. ವ್ಯತ್ಯಾಸವಾಗುವುದು ಆಮೇಲೆ, ಯಾರು ಯಾವ ಏರಿ ಕಟ್ಟಿಕೊಂಡಿದ್ದರು ಎಂಬುದರಲ್ಲಿ.

ಸೋತಾಗ ‘ಎಲ್ಲ ಹಣೆಬರಹ’ ಎನ್ನುವುದೂ, ಗೆದ್ದಾಗ ‘ಎಲ್ಲ ನನ್ನ ಸಾಮರ್ಥ್ಯ’ ಎನ್ನುವುದೂ ಮನುಷ್ಯಸ್ವಭಾವ. ಒಳ್ಳೆಯ ಆಟ ಈ ಎರಡು ಮಾತನ್ನೂ ಆಡಗೊಡುವುದಿಲ್ಲ. ಚದುರಂಗ ಮೊದಲನೆಯ ನೆಪವನ್ನು ಕಿತ್ತುಕೊಳ್ಳುತ್ತದೆ. ಬಾತಿನ ಆಟ ಎರಡನೆಯ ಗರ್ವವನ್ನು ಮುರಿಯುತ್ತದೆ. ಬದುಕಿಗೆ ಎರಡೂ ಪಾಠಗಳು ಬೇಕು. ಮಕ್ಕಳು ರಜೆಯಲ್ಲಿ ಮಣೆ ಹಾಸಿ ಕುಳಿತಾಗ, ಕಾಲಹರಣವೆಂದು ಗದರಿಸುವ ಮೊದಲು ಹಿರಿಯರೂ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡುವುದು ಒಳ್ಳೆಯದು. ಅವರು ಸೋಲುವುದನ್ನು ಕಲಿಯುತ್ತಿರುತ್ತಾರೆ. ಗೆದ್ದವರ ತಲೆಗೆ ಕುಟ್ಟದಿರುವುದನ್ನೂ ಕಲಿಯುತ್ತಿರುತ್ತಾರೆ.