ಮೀನುಗಾರರ ಬೋಟಿಗೆ ಅತಿಥಿಯಾಗಿ ಹೋಗುವ ಮೊದಲು

 

ನಾನು ಮಲ್ಪೆ ಕಡೆಯವನು, ಮೊಗವೀರರ ಮನೆಯವನು. ಕೆಲಸ, ಸಂಸಾರ ಎಲ್ಲ ಅಂಧೇರಿಯಲ್ಲಿ. ನಮ್ಮವರು ಮುಂಬೈಗೆ ಬಂದದ್ದು ನಿನ್ನೆ ಮೊನ್ನೆ ಅಲ್ಲ; ಇಲ್ಲಿಯ ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದೇ 1902ರಲ್ಲಿ. ಹಾಗಾಗಿ ನಮಗೆ ಎರಡು ಕಡೆಯ ನಂಟು. ಊರಲ್ಲಿ ಮಲ್ಪೆ ಬಂದರು, ಇಲ್ಲಿ ವರ್ಸೋವಾದ ಕೋಳಿವಾಡ. ಎರಡೂ ಕಡೆ ಬಲೆ ಕಟ್ಟುವವರು, ಬೋಟು ಬಿಡುವವರು ನನ್ನ ಬಳಗದಲ್ಲಿ, ಗೆಳೆಯರಲ್ಲಿ ಇದ್ದಾರೆ.

ಅದಕ್ಕೇ ಪ್ರತಿ ವರ್ಷ ನವೆಂಬರ್, ಡಿಸೆಂಬರ್ ಬಂತು ಅಂದ್ರೆ ನನಗೆ ಫೋನು ಶುರು. "ರಜೆಗೆ ಉಡುಪಿಗೆ ಹೋಗ್ತಿದ್ದೇವೆ. ಮಕ್ಕಳಿಗೆ ಮೀನು ಹಿಡಿಯೋದು ತೋರಿಸ್ಬೇಕು. ಯಾರದ್ದಾದ್ರೂ ಬೋಟಲ್ಲಿ ಒಂದು ದಿನ ಕರ್ಕೊಂಡು ಹೋಗೋದಕ್ಕೆ ಹೇಳ್ತೀರಾ?" ಅಂತ. ಕೇಳೋದರಲ್ಲಿ ತಪ್ಪಿಲ್ಲ. ಆದರೆ ಕೇಳುವವರಿಗೆ ನಾನು ಪ್ರತಿ ಸಲ ಹೇಳುವ ಮಾತುಗಳನ್ನು ಇವತ್ತು ಒಟ್ಟಿಗೆ ಹೇಳಿಬಿಡ್ತೇನೆ.

ಮೊದಲನೆಯದು. ಮೀನುಗಾರಿಕೆ ಬೋಟಿಗೆ ಇಲಾಖೆ ಪರವಾನಗಿ ಕೊಡುವುದು ಮೀನು ಹಿಡಿಯುವುದಕ್ಕೆ. ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವುದಕ್ಕಲ್ಲ. ಪ್ರವಾಸಿಗರನ್ನು ಒಯ್ಯುವ ಬೋಟಿಗೆ ಬೇರೆ ಲೈಸೆನ್ಸ್, ಬೇರೆ ತಪಾಸಣೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುತ್ತವಲ್ಲ, ಅವು ಆ ಜಾತಿಯವು. ಮೀನಿನ ಬೋಟಲ್ಲಿ ಲೈಫ್ ಜಾಕೆಟ್ ಇರುವುದು, ವಿಮೆ ಇರುವುದು ಅದರಲ್ಲಿ ದುಡಿಯುವವರ ಲೆಕ್ಕಕ್ಕೆ. ನೀವು ಹತ್ತಿದಿರಿ, ಏನೋ ಆಯ್ತು ಅಂದುಕೊಳ್ಳಿ. ಕಟಕಟೆಯಲ್ಲಿ ನಿಲ್ಲುವವನು ಬೋಟಿನ ಮಾಲೀಕ. ಹೋಗುವುದು ಅವನ ಲೈಸೆನ್ಸ್. ಆದ್ದರಿಂದ ಮಾಲೀಕರು "ಆಗೂದಿಲ್ಲ" ಅಂದ್ರೆ ಅದು ಸೊಕ್ಕಲ್ಲ. ಎರಡನೇ ಸಲ ಕೇಳಬೇಡಿ. "ಎಷ್ಟಾದ್ರೂ ಕೊಡ್ತೇವೆ" ಅಂತ ಖಂಡಿತ ಹೇಳಬೇಡಿ. ಪ್ರವಾಸಿ ಬೋಟಲ್ಲಿ ಹೋಗಿ, ಬಂದರಿನ ಹರಾಜು ನೋಡಿ, ಅದೂ ಸಣ್ಣ ಅನುಭವ ಅಲ್ಲ. ನೆಂಟಸ್ತನವೋ, ಬರವಣಿಗೆಯೋ, ಅಧ್ಯಯನವೋ, ಸರಿಯಾದ ಕಾರಣ ಇದ್ದು ಮಾಲೀಕರು ಬಂದರಿನಲ್ಲಿ ತಿಳಿಸಿ ಒಪ್ಪಿದರೆ ಮಾತ್ರ ಮುಂದಿನ ಮಾತು. ಆಗಲೂ ಲೈಫ್ ಜಾಕೆಟ್ ನಿಮ್ಮದೇ ಒಂದು ಇರಲಿ. ಹತ್ತುವಾಗಲೇ ಹಾಕಿಕೊಳ್ಳಿ, ಇಳಿಯುವವರೆಗೆ ತೆಗೀಬೇಡಿ.

ಆಧಾರ್ ಕಾರ್ಡ್ ಜೊತೆಗಿರಲಿ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು 'ಕುಬೇರ್' ಅನ್ನುವ ಮೀನುಗಾರಿಕೆ ಬೋಟನ್ನು ಹಿಡಿದುಕೊಂಡು. ಆ ಬೋಟಿನ ಮೀನುಗಾರರನ್ನು ಅವರು ಕೊಂದರು. ಅಲ್ಲಿಂದೀಚೆಗೆ ಸಮುದ್ರದಲ್ಲಿ ತಪಾಸಣೆ ಬಿಗಿ. ಕೋಸ್ಟ್ ಗಾರ್ಡಿನವರೋ ಕರಾವಳಿ ಪೊಲೀಸರೋ ಬೋಟು ನಿಲ್ಲಿಸಿದಾಗ ಗುರುತಿನ ಚೀಟಿ ಇಲ್ಲದ ಒಬ್ಬ ಹೊಸ ಮುಖದವನಿದ್ದರೆ, ಉತ್ತರ ಕೊಡಬೇಕಾದವನು ನೀವಲ್ಲ, ತಾಂಡೇಲ.

ಎರಡನೆಯದು, ಕಾಲ. ನಮ್ಮ ಪಡುಗಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲು ಕೆರಳುವ ಕಾಲ. ಆಗ ನಾಡದೋಣಿಯವರು ಮಾತ್ರ ಸಮುದ್ರ ಬಿಟ್ಟುಕೊಟ್ಟ ದಿನ ಹೋಗ್ತಾರೆ. "ಮಳೆಗಾಲದ ಸಮುದ್ರ ನೋಡ್ಬೇಕು" ಅಂತ ಅವರ ದೋಣಿ ಹತ್ತಲಿಕ್ಕೆ ಕೇಳುವುದು ಬೇಡವೇ ಬೇಡ. ಅಳಿವೆ ಬಾಯಲ್ಲಿ ಅಲೆ ದಾಟುವಾಗ ಒಬ್ಬನ ಭಾರ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಆಗ್ತದೆ, ಹಾಲು, ತೆಂಗಿನಕಾಯಿ ಬಿಡ್ತಾರೆ. ಇಲ್ಲಿಯ ಕೋಳಿಗಳಿಗೆ ಅದೇ ನಾರಳಿ ಪೂರ್ಣಿಮೆ. ಆಮೇಲೆ ಕಡಲು ತಣ್ಣಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ ಹೊಸಬರಿಗೆ ಒಳ್ಳೆ ಕಾಲ. ಅದರಲ್ಲೂ ಬೆಳಗಿನ ಜಾವ ಹೊರಟು ಸಂಜೆಗೆ ಮರಳುವ ಸಣ್ಣ ಟ್ರಾಲ್ ಬೋಟು ಮಾತ್ರ. ಆಳಸಮುದ್ರದ ಬೋಟು ಹೋದರೆ ಹತ್ತು ಹನ್ನೆರಡು ದಿನ ಬರೂದಿಲ್ಲ. ಅದು ಅತಿಥಿಗಳ ಜಾಗ ಅಲ್ಲ.

ಇನ್ನು ಹೊರಡುವ ಹೊತ್ತು. ನಾಲ್ಕು ಗಂಟೆ ಅಂದ್ರೆ ನಾಲ್ಕೇ. ನಿಮಗೋಸ್ಕರ ಹದಿನೈದು ನಿಮಿಷ ಕಾಯುವ ಬೋಟು ಹಿಂದೆ ಬಂದವರಿಗೆ ದಾರಿ ಕಟ್ಟಿ ನಿಂತಿರುತ್ತದೆ. ಚಪ್ಪಲಿ ತೆಗೆದು ಹತ್ತಿ. ಬೋಟಿನ ಮುಂಭಾಗಕ್ಕೆ ಕುಂಕುಮ ಹಚ್ಚಿ ಹೂ ಮುಡಿಸಿರುತ್ತಾರೆ. ಅಲ್ಲಿ ಕಾಲು ಚಾಚಿ ಕೂತು ಫೋಟೋ ತೆಗೆಸಿಕೊಳ್ಳಬೇಡಿ. ಕ್ಯಾಬಿನ್ನಿನ ಒಳಗೆ ಉಚ್ಚಿಲದ ಮಹಾಲಕ್ಷ್ಮಿಯ ಪಟ ಇರಬಹುದು, ಮೇರಿ ಮಾತೆಯದ್ದಿರಬಹುದು, ಮೆಕ್ಕಾದ್ದಿರಬಹುದು. ಬೋಟು ಯಾರದ್ದಾದರೂ ಕಡಲಿನ ಹೆದರಿಕೆ ಒಂದೇ.

ಮಾತಿನಲ್ಲೂ ಒಂದು ಜಾಗ್ರತೆ ಬೇಕು. ನಮ್ಮಲ್ಲಿ ಮನೆಯಿಂದ ಹೊರಟವರನ್ನು "ಎಲ್ಲಿಗೆ?" ಅಂತ ಕೇಳೂದಿಲ್ಲ, "ಹೋಗ್ತೇನೆ" ಅನ್ನೂದಿಲ್ಲ, "ಬರ್ತೇನೆ" ಅಂತೇವೆ ಅಲ್ವಾ? ಬೆಂಗಳೂರಲ್ಲಿ ಅದು ಅಭ್ಯಾಸಬಲ. ಬಂದರಿನಲ್ಲಿ ಅದಕ್ಕೆ ಅರ್ಥ ಉಂಟು. ಬಲೆ ಬಿಡುವ ಮೊದಲೇ "ಇವತ್ತು ಎಷ್ಟು ಸಿಗಬಹುದು?", ಬಲೆ ಎತ್ತಿದ ಕೂಡಲೇ "ಇಷ್ಟೇನಾ?", ಈ ಎರಡು ಪ್ರಶ್ನೆ ನುಂಗಿಕೊಳ್ಳಿ. ನಂಬಿಕೆ ಇಲ್ಲದಿದ್ದರೂ ನುಂಗಿಕೊಳ್ಳಿ. ದುಡಿಯುವವರಿಗೆ ಸಿಗುವುದು ಪಾಲು. ಡೀಸೆಲ್, ಐಸು, ಊಟದ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ನಿಮ್ಮ "ಇಷ್ಟೇನಾ" ಅವರ ಕಿವಿಗೆ "ನಿನ್ನ ಸಂಬಳ ಇಷ್ಟೇನಾ" ಅಂತಲೇ ಕೇಳಿಸುವುದು.

ಬೋಟಿನಲ್ಲಿ ಮಾತು ನಡೆಯುವುದು ತಾಂಡೇಲನದು. ಮಾಲೀಕ ನಿಮ್ಮ ಸ್ವಂತ ಭಾವನೇ ಇರಲಿ, ಕಡಲಿಗೆ ಇಳಿದ ಮೇಲೆ ತಾಂಡೇಲ ಹೇಳಿದ್ದೇ ಕೊನೆ. ಕೂರು ಅಂದಲ್ಲಿ ಕೂರಬೇಕು, ಏಳು ಅಂದಾಗ ಏಳಬೇಕು. ಕಾರಣವನ್ನು ಆಮೇಲೆ, ಬಿಡುವಾದಾಗ ಕೇಳಬಹುದು. ಹೆಸರು ಗೊತ್ತಿಲ್ಲದಿದ್ದರೆ "ತಾಂಡೇಲ್ರೇ" ಅನ್ನಿ, "ಅಣ್ಣ" ಅನ್ನಿ. ವರ್ಸೋವಾದಲ್ಲಾದರೆ "ದಾದಾ". ಈಗ ಮಲ್ಪೆ, ಮಂಗಳೂರು ಬೋಟುಗಳಲ್ಲಿ ಆಂಧ್ರದವರು, ತಮಿಳುನಾಡಿನವರು, ಒಡಿಶಾದವರು ತುಂಬ ಜನ ಇದ್ದಾರೆ. ಅವರನ್ನು "ಏ ಹುಡ್ಗ" ಅಂತ ಕರೀಬೇಡಿ. ಚೆನ್ನೈ, ಹೈದರಾಬಾದ್‌ನಲ್ಲಿರುವ ನಿಮಗೆ ತಮಿಳೋ ತೆಲುಗೋ ಬರುತ್ತದಲ್ಲ? ಮನೆ ಬಿಟ್ಟು ತಿಂಗಳಾದ ಮನುಷ್ಯನ ಹತ್ತಿರ ಅವನ ಭಾಷೆಯಲ್ಲಿ ನಾಲ್ಕು ಮಾತು ಆಡಿ ನೋಡಿ, ಅವನ ಮುಖ ಹೇಗಾಗ್ತದೆ ಅಂತ. ಅತಿಥಿ ಕೊಡಬಹುದಾದ ಉಡುಗೊರೆಯಲ್ಲಿ ಅದೂ ಒಂದು.

ಈಗ ಹೊಟ್ಟೆಯ ವಿಷಯ. ಹೊಸಬರಿಗೆ ಕಡಲು ಹಿಡಿಯುತ್ತದೆ. ವಾಂತಿ, ತಲೆಸುತ್ತು. ಇದರಲ್ಲಿ ನಾಚಿಕೆ ಏನಿಲ್ಲ. ಹಿಂದಿನ ರಾತ್ರಿ ಎಣ್ಣೆ ಪದಾರ್ಥ, ಕುಡಿತ ಬೇಡ. ಚೆನ್ನಾಗಿ ನಿದ್ದೆ ಮಾಡಿ. ಖಾಲಿ ಹೊಟ್ಟೆಯೂ ಬೇಡ. ಒಂದು ತಟ್ಟೆ ಗಂಜಿಯೋ ಎರಡು ಇಡ್ಲಿಯೋ ಸಾಕು. ವಾಂತಿ ಮಾತ್ರೆಯನ್ನು ಡಾಕ್ಟರ ಹತ್ತಿರ ಕೇಳಿ ಹೊರಡುವ ಮೊದಲೇ ತಗೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರ್ತದೆ. ಬೋಟಿನ ಮಧ್ಯಭಾಗದಲ್ಲಿ ಕೂರಿ, ಅಲ್ಲಿ ಅಲುಗಾಟ ಕಡಿಮೆ. ಮೊಬೈಲ್ ನೋಡಬೇಡಿ, ದೂರದಲ್ಲಿ ಆಕಾಶ ಕಡಲು ಸೇರುವ ಗೆರೆ ನೋಡಿ. ಬಂದೇಬಿಟ್ಟರೆ ಯಾರಿಗಾದರೂ ಹೇಳಿ, ಗಾಳಿ ಬೀಸಿ ಹೋಗುವ ಬದಿಗೆ, ಒಬ್ಬರು ಹಿಡಿದುಕೊಂಡಿರುವಾಗ ಮಾತ್ರ ಬಗ್ಗಿ.

ಇದನ್ನು ಇಷ್ಟು ಬಿಡಿಸಿ ಹೇಳಲಿಕ್ಕೆ ಕಾರಣ ಉಂಟು. ಒಮ್ಮೆ ನಮ್ಮ ಪರಿಚಯದವರ ಬೋಟಲ್ಲಿ ಒಬ್ಬ ಅತಿಥಿ ಹೋಗಿದ್ದರು. ರಾತ್ರಿ ಪಾರ್ಟಿ ಮುಗಿಸಿ, ನಿದ್ದೆ ಇಲ್ಲದೆ ಸೀದಾ ಬಂದರಿಗೆ ಬಂದವರು. ಎರಡು ಗಂಟೆ ದಾರಿ ಹೋಗುವಷ್ಟರಲ್ಲಿ ಎದ್ದು ಕೂರಲಿಕ್ಕೂ ಆಗೂದಿಲ್ಲ, "ದಮ್ಮಯ್ಯ, ವಾಪಸ್ ಬಿಡಿ" ಅಂತ ಶುರುಮಾಡಿದರು. ತಾಂಡೇಲ ಒಂದು ಮಾತು ಆಡಲಿಲ್ಲ, ಬೋಟು ತಿರುಗಿಸಿದ. ಆ ದಿನ ಬಲೆ ನೀರಿಗೆ ಇಳಿಯಲೇ ಇಲ್ಲ. ಹೋಗಿ ಬಂದ ಡೀಸೆಲ್ ಸುಟ್ಟಿತು, ಐಸು ಕರಗಿತು. ಬೋಟಿನಲ್ಲಿದ್ದವರ ಪಾಲು ಸೊನ್ನೆ. ದಡಕ್ಕೆ ಬಂದ ಮೇಲೆ ಅತಿಥಿಗೆ ಎಳನೀರು ತಂದುಕೊಟ್ಟು ರಿಕ್ಷಾ ಹತ್ತಿಸಿದವರೂ ಅವರೇ. ಸಂಜೆ ಹೊತ್ತಿಗೆ ಅತಿಥಿಯ ಸ್ಟೇಟಸ್‌ನಲ್ಲಿ ಸೂರ್ಯೋದಯದ ಫೋಟೋ, ಕೆಳಗೆ "ಮರೆಯಲಾಗದ ಅನುಭವ" ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ದಿನದ ಬೆಲೆ ಎಷ್ಟು, ಕೊಟ್ಟವರು ಯಾರು ಅಂತ ಅವರಿಗೆ ಗೊತ್ತೇ ಆಗಲಿಲ್ಲ. ಯಾರೂ ಹೇಳೂದಿಲ್ಲ ನೋಡಿ. ನಮ್ಮ ಜನಕ್ಕೆ ಅತಿಥಿಗೆ ಲೆಕ್ಕ ತೋರಿಸಿ ಅಭ್ಯಾಸ ಇಲ್ಲ. ಆ ಲೆಕ್ಕವನ್ನು ಅತಿಥಿಯೇ ಹಾಕಿಕೊಳ್ಳಬೇಕು.

ಸಣ್ಣ ಬೋಟಿನಲ್ಲಿ ಶೌಚಾಲಯ ಅಂತ ಇರೂದಿಲ್ಲ. ಹೆಂಗಸರು, ಮಕ್ಕಳು, ವಯಸ್ಸಾದವರು ಇದನ್ನು ಮೊದಲೇ ಕೇಳಿ ತಿಳಿದುಕೊಂಡು ಹೋಗುವುದೋ ಬೇಡವೋ ನಿರ್ಧರಿಸಿ. ಕುಡಿಯುವ ನೀರು ಅಳತೆಯದ್ದು. ಕೈ ತೊಳೆಯಲಿಕ್ಕೆ ಸಮುದ್ರದ ನೀರು ಬಳಸಿ, ಕುಡಿಯಲಿಕ್ಕೆ ನಿಮ್ಮ ಬಾಟ್ಲಿ ತನ್ನಿ. ಆ ಖಾಲಿ ಬಾಟ್ಲಿ, ಚಿಪ್ಸಿನ ಪ್ಯಾಕೆಟ್ಟು ವಾಪಸ್ ಒಯ್ಯಿರಿ. ಬಲೆಯಲ್ಲಿ ಮೀನಿನ ಜೊತೆ ಎಷ್ಟು ಪ್ಲಾಸ್ಟಿಕ್ ಬರ್ತದೆ ಅಂತ ಕಣ್ಣಾರೆ ನೋಡಿದವರು ಹೇಗೂ ಎಸೆಯೂದಿಲ್ಲ. ಐಸಿನ ಪೆಟ್ಟಿಗೆಗೆ ನಿಮ್ಮ ಕೂಲ್‌ಡ್ರಿಂಕ್ಸ್ ಇಡಬೇಡಿ.

ಎಲ್ಲಕ್ಕಿಂತ ಅಪಾಯದ ಹೊತ್ತು ಬಲೆ ಬಿಡುವಾಗ, ಬಲೆ ಎತ್ತುವಾಗ. ಟ್ರಾಲ್ ಬೋಟಲ್ಲಿ ಬಲೆ ಎಳೆಯುವ ಉಕ್ಕಿನ ಹಗ್ಗ ವಿಂಚಿಗೆ ಸುತ್ತಿಕೊಳ್ಳುತ್ತದೆ. ಬಿಗಿದ ಆ ಹಗ್ಗ ತುಂಡಾಗಿ ಹಿಂದಕ್ಕೆ ಹೊಡೆದರೆ ಕಾಲು ಹೋಗ್ತದೆ, ಜೀವವೂ ಹೋಗ್ತದೆ. ನೆಲದ ಮೇಲೆ ಸುರುಳಿ ಬಿದ್ದ ಹಗ್ಗದ ಒಳಗೆ ಕಾಲಿಡಲೇಬಾರದು, ಅದು ಯಾವಾಗ ಓಡಲು ಶುರುಮಾಡ್ತದೆ ಗೊತ್ತಾಗೂದಿಲ್ಲ. ಶಾಲು, ದುಪಟ್ಟಾ, ನೇತಾಡುವ ಕ್ಯಾಮೆರಾ ಪಟ್ಟಿ ಯಾವುದೂ ಬೇಡ. ಆ ಹತ್ತು ಹದಿನೈದು ನಿಮಿಷ ನಿಮ್ಮ ಕೆಲಸ ಒಂದೇ, ತೋರಿಸಿದ ಜಾಗದಲ್ಲಿ ಕೂತಿರುವುದು. "ನಾನೂ ಒಂದು ಕೈ ಹಾಕ್ತೇನೆ" ಅನ್ನುವುದು ಒಳ್ಳೆ ಮನಸ್ಸೇ, ಆದರೆ ಅಲ್ಲಿ ಆ ಕೈ ಬೇಡ. ಮೀನು ಆರಿಸುವಾಗ ಕರೆದರೆ ಹೋಗಿ.

ಮೀನು ಮುಟ್ಟುವ ಮೊದಲೂ ಕೇಳಿ. ತೊರಕೆಯ ಬಾಲದ ಮುಳ್ಳಿಗೆ ವಿಷ ಉಂಟು, ತೇಡೆಯ ಮುಳ್ಳೂ ಬಹಳ ನೋವು ಕೊಡ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಆ ಜಾಗ ಮುಳುಗಿಸಿಡಬೇಕು, ದಡ ಸೇರಿದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಲೆಯಲ್ಲಿ ಸಮುದ್ರದ ಹಾವೂ ಬರಬಹುದು. ಸತ್ತಂತೆ ಕಂಡರೂ ಹತ್ತಿರ ಹೋಗಬೇಡಿ.

ಫೋನಿನ ಬಗ್ಗೆ. ಮನುಷ್ಯರ ಫೋಟೋ ಅವರನ್ನು ಕೇಳಿಯೇ ತೆಗೆಯಿರಿ. ಬೆವರು ಸುರಿಯುತ್ತಾ ಅರೆಬತ್ತಲೆ ದುಡಿಯುವವನ ವಿಡಿಯೋ ಅವನ ಮಗಳ ಫೋನಿಗೂ ಹೋಗಿ ಮುಟ್ಟುತ್ತದೆ. ಕ್ಯಾಬಿನ್ನಿನ ಜಿಪಿಎಸ್ ಪರದೆಯ ಫೋಟೋ ಹಾಕಬೇಡಿ. ಅದರಲ್ಲಿ ಗುರುತು ಮಾಡಿಟ್ಟ ಜಾಗಗಳು ವರ್ಷಗಟ್ಟಲೆ ಅಲೆದು ಕಂಡುಕೊಂಡ ಗುಟ್ಟು, ಅದು ಅವರ ಆಸ್ತಿ. ವೈರ್‌ಲೆಸ್ ಮುಟ್ಟಬೇಡಿ. 16ನೇ ಚಾನೆಲ್ ಇರುವುದು ಅಪಾಯದಲ್ಲಿರುವವರ ಕರೆಗೆ. ಕಾರವಾರದ ಕಡೆ ಹೋದರೆ ಅಲ್ಲಿ ನೌಕಾನೆಲೆ ಉಂಟು, ಕ್ಯಾಮೆರಾ ಒಳಗಿಡಿ. ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554. ದಡದಲ್ಲಿರುವ ನಿಮ್ಮ ಮನೆಯವರಿಗೆ ಆ ಸಂಖ್ಯೆ, ಬೋಟಿನ ಹೆಸರು, ಮರಳುವ ಹೊತ್ತು ಮೂರನ್ನೂ ಬರೆದುಕೊಟ್ಟು ಹೋಗಿ.

ದುಡ್ಡು, ಮೀನು. ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡಿ. ಬಾಳೆಹಣ್ಣು, ಬಿಸ್ಕತ್ತು, ಚಹಾಪುಡಿ, ಎಲ್ಲರೂ ಹಂಚಿ ತಿನ್ನುವಂಥದ್ದು ಒಯ್ಯಿರಿ. ಹೆಂಡ ಬೇಡ. ಅವರು ಬೋಟಲ್ಲೇ ಮಾಡಿದ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿದರೆ ಕೂತು ಉಣ್ಣಿ. ಮೀನು ತಿನ್ನದವರು ಮೊದಲೇ ಹೇಳಿ, ಮೂಗು ಮುಚ್ಚಿಕೊಳ್ಳಬೇಡಿ. ಇಳಿಯುವಾಗ "ಪದಾರ್ಥಕ್ಕೆ ಇರಲಿ" ಅಂತ ನಾಲ್ಕು ಮೀನು ಕೊಟ್ಟರೆ ಎರಡೂ ಕೈಯಲ್ಲಿ ತಗೊಳ್ಳಿ. ನೀವಾಗಿ ಅಂಜಲಿನ ಕಡೆ ಬೆರಳು ತೋರಿಸಬೇಡಿ. ಬೇಕಿದ್ದರೆ ಹರಾಜಿನಲ್ಲಿ ನಿಂತು, ಮೀನು ಮಾರುವ ಹೆಂಗಸರ ಹತ್ತಿರ ಚೌಕಾಸಿ ಇಲ್ಲದೆ ಕೊಂಡುಕೊಳ್ಳಿ.

ಕೊನೆಗೆ ಒಂದು ಮಾತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮಂದಿಯೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ಮಾಲ್ವಣ ಕಡೆಯ ಸಮುದ್ರದಾಳದಲ್ಲಿ ಅದರ ಅವಶೇಷ ಸಿಕ್ಕಿತು. ಆ ಮನೆಗಳವರು ಅಷ್ಟು ದಿನ ದಡದಲ್ಲಿ ಕಾದರು. ನೀವು ಹತ್ತುವ ಬೋಟಿನ ಪ್ರತಿಯೊಬ್ಬನಿಗೂ ಇಂಥ ಒಂದು ಹೆಸರು ಗೊತ್ತಿರುತ್ತದೆ. ಅವರು ಅದನ್ನು ನಿಮ್ಮ ಮುಂದೆ ಎತ್ತೂದಿಲ್ಲ, ನಗ್ತಾ ತಮಾಷೆ ಮಾಡ್ತಾ ಇರ್ತಾರೆ. ನೀವೂ "ನಿಮಗೆ ಹೆದರಿಕೆ ಆಗೂದಿಲ್ವಾ? ಯಾರಾದ್ರೂ ಸತ್ತದ್ದುಂಟಾ?" ಅಂತ ಕಡಲ ಮಧ್ಯೆ ಕೇಳಬೇಡಿ. ಕಡಲ ಮೇಲೆ ಆಡಬಾರದ ಮಾತು ಅದು.

ನಿಯಮ ಜಾಸ್ತಿ ಆಯ್ತು ಅನ್ನಿಸ್ತಾ? ಒಂದೇ ವಾಕ್ಯದಲ್ಲಿ ಬೇಕಾದರೆ ಹೀಗೆ ನೆನಪಿಟ್ಟುಕೊಳ್ಳಿ: ನೀವು ಹೋಗ್ತಿರುವುದು ವಿಹಾರಕ್ಕಲ್ಲ, ಇನ್ನೊಬ್ಬರ ಕೆಲಸದ ಜಾಗಕ್ಕೆ, ಅವರ ಮನೆಯೊಳಕ್ಕೆ. ನಿಮ್ಮಲ್ಲಿ ಯಾರಾದರೂ ಬೋಟಿನ ಮನೆಯವರಿದ್ದರೆ, ನಾನು ಬಿಟ್ಟದ್ದನ್ನು ಸೇರಿಸಿ ಹೇಳಿ, ಎಲ್ಲರಿಗೂ ಉಪಯೋಗ ಆಗ್ತದೆ.

ಬರ್ತೇನೆ. ನಮಸ್ಕಾರ.