ಹೆಸರಿಗೆ ಕಲ್ಲಿನ ಸಾಕ್ಷಿ



ಇವತ್ತಿನ ಮಾತು ಹೆಸರು, ಬಿರುದು, ಲಾಂಛನ ಇವುಗಳ ಬಗ್ಗೆ. ಶುರುವಾಗುವುದು ಅಮೆರಿಕದಿಂದ. ಗಾಬರಿಯಾಗಬೇಡಿ, ಬೇಗ ಅಮೃತಾಪುರಕ್ಕೆ ಬಂದುಬಿಡುತ್ತೇನೆ.

1966ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ಎಂಬ ಊರಲ್ಲಿ ಕೆಲವರು ಸೇರಿ ಒಂದು ಸಂಘ ಕಟ್ಟಿದರು. ಅದರ ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ. 1600ಕ್ಕಿಂತ ಹಿಂದಿನ ಕಾಲದ ಬದುಕನ್ನು ಆಡಿ ತೋರಿಸುವುದು ಅವರ ಹವ್ಯಾಸ. ಆ ಕಾಲದ ಬಟ್ಟೆ ಹೊಲಿಯುತ್ತಾರೆ, ಆ ಕಾಲದ ಅಡುಗೆ ಮಾಡುತ್ತಾರೆ, ಬೆತ್ತದ ಕತ್ತಿ ಹಿಡಿದು ನಿಜವಾಗಿಯೂ ಬಡಿದಾಡುತ್ತಾರೆ. ಮುಖ್ಯವಾಗಿ, ಸೇರಿದ ಪ್ರತಿಯೊಬ್ಬರೂ ಆ ಕಾಲಕ್ಕೆ ತಕ್ಕ ಒಂದು ಹೆಸರನ್ನೂ ಗುರಾಣಿಯ ಮೇಲೆ ಬರೆಸಿಕೊಳ್ಳಲು ಒಂದು ಚಿಹ್ನೆಯನ್ನೂ ಆರಿಸಿಕೊಳ್ಳುತ್ತಾರೆ.

ಕೇಳುವುದಕ್ಕೆ ಮಕ್ಕಳಾಟ. ಆದರೆ ಆ ಹೆಸರನ್ನು ಸಂಘದ ಪುಸ್ತಕದಲ್ಲಿ ನೋಂದಾಯಿಸಬೇಕಾದರೆ ಪಡುವ ಪಾಡು ನಮ್ಮ ಖಾತೆ ಬದಲಾವಣೆಗೆ ಕಡಿಮೆಯಿಲ್ಲ. ಮೊದಲು ಊರಿನ ಹೆರಾಲ್ಡ್ ನೋಡಬೇಕು. ಹೆರಾಲ್ಡ್ ಎಂದರೆ ಹಿಂದಿನ ಯೂರೋಪಿನಲ್ಲಿ ಕುಲಚಿಹ್ನೆಗಳ ಲೆಕ್ಕ ಇಡುತ್ತಿದ್ದ ಅಧಿಕಾರಿ. ಆ ಪದವಿಯನ್ನೇ ಇವರೂ ಇಟ್ಟುಕೊಂಡಿದ್ದಾರೆ. ಅಲ್ಲಿಂದ ಅರ್ಜಿ ಮೇಲಕ್ಕೆ ಹೋಗುತ್ತದೆ, ಬೇರೆ ಬೇರೆ ಊರಿನ ಹೆರಾಲ್ಡರು ಅದರ ಮೇಲೆ ಟೀಕೆ ಬರೆಯುತ್ತಾರೆ, ಕೊನೆಗೆ ಕೇಂದ್ರದಿಂದ ತೀರ್ಮಾನ ಬರುತ್ತದೆ. ಯಾವುದು ಒಪ್ಪಿಗೆಯಾಯಿತು, ಯಾವುದು ವಾಪಸಾಯಿತು, ವಾಪಸಾದದ್ದು ಯಾಕೆ ಎಂಬುದನ್ನು ತಿಂಗಳು ತಿಂಗಳು ಪ್ರಕಟಿಸುತ್ತಾರೆ. ಹೆಸರಿನಲ್ಲಿ ಎರಡು ಭಾಗವಾದರೂ ಇರಬೇಕು: ಒಂದು ಇಟ್ಟ ಹೆಸರು, ಇನ್ನೊಂದು ಊರಿನದೋ ತಂದೆಯದೋ ಕಸುಬಿನದೋ ಗುರುತು. ಆ ಹೆಸರು ಆ ಸೀಮೆಯಲ್ಲಿ, ಆ ಕಾಲದಲ್ಲಿ ಇತ್ತೆಂಬುದಕ್ಕೆ ಪುರಾವೆ ಬೇಕು. ಸಿನಿಮಾದಲ್ಲಿ ಕೇಳಿದ್ದೆ ಎಂದರೆ ನಡೆಯುವುದಿಲ್ಲ. ಇತಿಹಾಸದಲ್ಲಿ ಪ್ರಸಿದ್ಧರಾದವರ ಹೆಸರನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಸಂಘದಲ್ಲಿ ಗಳಿಸದ ಪದವಿಯನ್ನು ಹೆಸರಿಗೆ ಅಂಟಿಸಿಕೊಳ್ಳುವಂತಿಲ್ಲ.

ಈ ಕೊನೆಯ ನಿಯಮವನ್ನು ನಮ್ಮ ಜಿಲ್ಲೆಯಲ್ಲಿ ಜಾರಿಗೆ ತಂದರೆ ಎಷ್ಟು ಫ್ಲೆಕ್ಸ್ ಬೋರ್ಡು ಇಳಿಯುತ್ತವೋ!

ಆ ಸಂಘದಲ್ಲಿ ಭಾರತದ ಹೆಸರಿಗೂ ಜಾಗವಿದೆ. ಹಾಗಾದರೆ ಕಡೂರಿನವರೊಬ್ಬರು, ತರೀಕೆರೆಯವರೊಬ್ಬರು ಅರ್ಜಿ ಹಾಕಿದರೆ ಯಾವ ಪುರಾವೆ ತೋರಿಸಬೇಕು? ಇಲ್ಲಿಂದ ಮುಂದೆ ನಮ್ಮ ನೆಲದ ಮಾತು. ಯೂರೋಪಿನವರು ಚರ್ಚಿನ ದಫ್ತರ, ತೆರಿಗೆ ಪಟ್ಟಿ ಹುಡುಕುತ್ತಾರೆ. ನಮಗೆ ಅದೆಲ್ಲ ಕಲ್ಲಿನಲ್ಲಿದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ 1901ರಲ್ಲಿ ಬಂತು; ಅದು ಪೂರ್ತಿ ಕಡೂರು ಜಿಲ್ಲೆಯ ಶಾಸನಗಳದ್ದು. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು, 1947ರವರೆಗೂ ಹಾಗೇ ಇತ್ತು.

ಕಡೂರಿನಲ್ಲೇ ಸಿಕ್ಕ ಒಂದು ಶಾಸನ 971ನೇ ಇಸವಿಯದು. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಎಂಬಾಕೆ ಅರಮನೆ ಬಿಟ್ಟು, ತಲೆಗೂದಲು ಕಿತ್ತು ಜೈನ ದೀಕ್ಷೆ ಹಿಡಿದು, ಮೂವತ್ತು ವರ್ಷ ತಪಸ್ಸು ಮಾಡಿ ತೀರಿಕೊಂಡಳೆಂದು ಅದು ಹೇಳುತ್ತದೆ. ಹೆಸರು ನೋಡಿ: ಪಾಂಬಬ್ಬೆ. ಪಂಪನ ತಾಯಿ ಅಬ್ಬಣಬ್ಬೆ, ರನ್ನನಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಹತ್ತನೆಯ ಶತಮಾನದ ದೊಡ್ಡ ಮನೆತನದ ಹೆಂಗಸರ ಹೆಸರಿಗೆ ಈ ಅಬ್ಬೆ ಸಾಮಾನ್ಯ. ಮುಂದೆ ಹೊಯ್ಸಳರ ಕಾಲಕ್ಕೆ ಬಂದರೆ ಅವ್ವೆ, ಅಕ್ಕ, ದೇವಿ ಹೆಚ್ಚುತ್ತವೆ. ಗಂಡಸರಲ್ಲಿ ಅಯ್ಯ, ಅರಸ, ಸೆಟ್ಟಿ, ಗಾವುಂಡ, ಹೆಗ್ಗಡೆ, ಕಲ್ಲುಕೆಲಸದವರಲ್ಲಿ ಓಜ. ಬೇಲೂರಿನಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜನ ಹೆಸರನ್ನು ಆ ಅಮೆರಿಕದ ಹೆರಾಲ್ಡರ ಮುಂದಿಟ್ಟರೆ ಒಂದು ಪ್ರಶ್ನೆ ಕೇಳದೆ ಮೊಹರು ಹಾಕಬೇಕು. ಇಟ್ಟ ಹೆಸರಿದೆ, ಊರಿದೆ, ಕಸುಬಿದೆ, ಕಾಲವಿದೆ. ಒಂಬೈನೂರು ವರ್ಷದ ಹಿಂದಿನ ಶಿಲ್ಪಿಗೆ ಅಷ್ಟು ಶಿಸ್ತಿತ್ತು.

ಶಿಲ್ಪಿಯ ಮಾತು ಬಂದದ್ದರಿಂದ ಅಮೃತಾಪುರಕ್ಕೆ ಹೋಗೋಣ. ತರೀಕೆರೆಯ ಪಕ್ಕದಲ್ಲೇ ಇರುವ ಅಮೃತೇಶ್ವರ ದೇವಸ್ಥಾನವನ್ನು ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ, 1196ರಲ್ಲಿ. ದಂಡನಾಯಕನ ಹೆಸರೇ ದೇವರಿಗೂ ಊರಿಗೂ ಬಂದು ಉಳಿದುಬಿಟ್ಟಿದೆ. ಹೆಸರು ನೋಂದಾಯಿಸುವುದಕ್ಕೆ ಇದಕ್ಕಿಂತ ಗಟ್ಟಿ ಉಪಾಯ ಇನ್ನೊಂದಿಲ್ಲ. ಮುಂದೆ ಸೋಮನಾಥಪುರದಲ್ಲಿ ಕೈಚಳಕ ತೋರಿಸಿದ ರೂವಾರಿ ಮಲ್ಲಿತಮ್ಮ ಇಲ್ಲಿಯೇ ಕೆಲಸ ಶುರುಮಾಡಿದವನು. ಅಲ್ಲಿಯ ಶಾಸನ 1197ರದು, ರೈಸ್ ಅವರ ಸಂಪುಟದಲ್ಲಿ ತರೀಕೆರೆ 45 ಎಂದು ನಮೂದಾಗಿದೆ. ಅದನ್ನು ರಚಿಸಿದವನು ಕವಿ ಜನ್ನ. ಯಶೋಧರ ಚರಿತೆ ಬರೆಯುವುದಕ್ಕೆ ಹನ್ನೆರಡು ವರ್ಷ ಮೊದಲು. ದಾಖಲೆ ಬರೆಯುವ ಕೆಲಸಕ್ಕೆ ಕವಿಯನ್ನೇ ಕೂರಿಸಿದ ಕಾಲ ಅದು. ಒಬ್ಬ ರಚಿಸಬೇಕು, ಒಬ್ಬ ಅಕ್ಷರ ಬರೆಯಬೇಕು, ಇನ್ನೊಬ್ಬ ಕಂಡರಿಸಬೇಕು, ಊರವರು ಸಾಕ್ಷಿ.

ಈ ಕಲ್ಲುಗಳಲ್ಲಿ ರಾಜನ ಹೆಸರಿಗಿಂತ ಅವನ ಬಿರುದುಗಳೇ ಹೆಚ್ಚು ಜಾಗ ಹಿಡಿಯುತ್ತವೆ. ಹೊಯ್ಸಳ ಶಾಸನ ಓದಿದವರಿಗೆ ಬಾಯಿಪಾಠ: ದ್ವಾರಾವತೀಪುರವರಾಧೀಶ್ವರ, ಮಲೆಪರೊಳ್ಗಂಡ, ಕದನಪ್ರಚಂಡ, ಅಸಹಾಯಶೂರ. ಇದೆಲ್ಲ ಬರೀ ಹೊಗಳಿಕೆ ಎಂದು ಹಾರಿಸಿ ಓದುವ ಅಭ್ಯಾಸ ನಮಗಿದೆ. ಹಾಗೆ ಮಾಡಬಾರದು. ವೀರಬಲ್ಲಾಳನಿಗೆ ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಎರಡು ಬಿರುದು ಸೇರಿದ್ದು ಉಚ್ಚಂಗಿಯ ಬೆಟ್ಟದ ಕೋಟೆಯನ್ನು ಶನಿವಾರ ಗೆದ್ದದ್ದರಿಂದ ಎಂದು ವಿದ್ವಾಂಸರು ವಿವರಿಸುತ್ತಾರೆ. ಅಂದರೆ ಬಿರುದಿಗೆ ಒಂದು ಜಾಗವಿದೆ, ಒಂದು ವಾರವಿದೆ. ವಿಷ್ಣುವರ್ಧನ ತನ್ನ ನಾಣ್ಯದ ಮೇಲೆ ಅಚ್ಚೊತ್ತಿಸಿದ್ದೂ ತಳಕಾಡುಗೊಂಡ, ನೊಣಂಬವಾಡಿಗೊಂಡ ಎಂದು. ತಳಕಾಡು ಗೆಲ್ಲದೆ ಆ ನಾಣ್ಯ ಟಂಕಿಸಲಾಗುತ್ತಿರಲಿಲ್ಲ. ಬಿರುದು ರಾಜರ ಸೊತ್ತು ಮಾತ್ರವೂ ಅಲ್ಲ. ಬೇಲೂರಿನ ಮದನಿಕೆಗಳ ಕೆಳಗೆ ಶಿಲ್ಪಿಗಳು ತಮ್ಮ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನು ಕೊರೆದುಕೊಂಡಿದ್ದಾರೆ. ಬಿರುದು ಕಟ್ಟಿಕೊಂಡವನು ಸವಾಲಿಗೆ ನಿಲ್ಲಬೇಕು. ಮೈಸೂರು ಒಡೆಯರ ಬಿರುದಾವಳಿಯಲ್ಲಿ ಬಿರುದೆಂತೆಂಬರಗಂಡ ಎಂಬುದೊಂದಿದೆ; ಬಿರುದು ಹೊತ್ತು ಮೆರೆಯುವವರನ್ನೇ ಮಣಿಸುವ ಬಿರುದು! ಆ ಅಮೆರಿಕದ ಸಂಘದ ಯಾವ ನೋಂದಣಿ ಅಧಿಕಾರಿಗೂ ಇಂಥದ್ದು ಹೊಳೆದಿರಲಿಕ್ಕಿಲ್ಲ.

ಇನ್ನು ಲಾಂಛನ. ಹೊಯ್ಸಳರ ಲಾಂಛನವಾದ, ಹುಲಿಯನ್ನು ಇರಿಯುವ ಸಳನ ಚಿತ್ರ ನಿಮಗೆಲ್ಲ ಗೊತ್ತು, ಅಮೃತಾಪುರದ ಶಿಖರದ ಮುಂದೆಯೂ ಇದೆ. ಕಥೆ ನಡೆದದ್ದು ಸೊಸೆವೂರಿನಲ್ಲಿ ಎನ್ನುತ್ತಾರೆ, ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಸಳ ಎಂಬ ಒಬ್ಬ ನಿಜವಾಗಿ ಇದ್ದನೋ ಇಲ್ಲವೋ ಎಂದು ಇತಿಹಾಸಕಾರರು ಅನುಮಾನಿಸಿದ್ದಾರೆ. ಹುಲಿ ಚೋಳರ ಲಾಂಛನ, ತಳಕಾಡಿನಲ್ಲಿ ಚೋಳರನ್ನು ಸೋಲಿಸಿದ ಮೇಲೆ ಈ ಚಿತ್ರಕ್ಕೆ ಮಹತ್ವ ಬಂತು ಎನ್ನುವವರೂ ಇದ್ದಾರೆ. ನನಗೆ ಈ ಎರಡನೆಯ ಮಾತು ಹೆಚ್ಚು ಹಿಡಿಸುತ್ತದೆ, ಆದರೆ ಜಗಳಕ್ಕೆ ಬರುವುದಿಲ್ಲ. ಗಂಗರಿಗೆ ಮದಗಜ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ತಾಮ್ರಶಾಸನದ ಬಳೆಗೆ ಬೆಸೆದ ಮುದ್ರೆ ನೋಡಿದರೆ ಸಾಕು, ಅಕ್ಷರ ಓದುವುದಕ್ಕೆ ಮೊದಲೇ ಯಾರದೆಂದು ತಿಳಿಯುತ್ತಿತ್ತು. ಗಮಕ ಕೇಳಿ ಬೆಳೆದ ಈ ಸಭೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಜುನ ಕಪಿಧ್ವಜ, ದುರ್ಯೋಧನ ಉರಗಪತಾಕ. ಬಾವುಟದ ಪ್ರಾಣಿ ಹೇಳಿದರೆ ರಥದಲ್ಲಿ ಯಾರಿದ್ದಾರೆಂದು ಗೊತ್ತಾಗುತ್ತಿತ್ತು.

ಆದರೆ ಒಂದು ವಿಷಯದಲ್ಲಿ ನಮ್ಮವರ ದಾರಿ ಪೂರ್ತಿ ಬೇರೆ. ಇಂಗ್ಲೆಂಡಿನಲ್ಲಿ 1385ರಲ್ಲಿ ಸ್ಕ್ರೋಪ್, ಗ್ರೋವ್ನರ್ ಎಂಬ ಇಬ್ಬರು ದಂಡಿಗೆ ಹೋದರು. ಇಬ್ಬರ ಗುರಾಣಿಯ ಮೇಲೂ ನೀಲಿಯಲ್ಲಿ ಓರೆಯಾದ ಚಿನ್ನದ ಪಟ್ಟೆ! ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ನೂರಾರು ಜನ ಸಾಕ್ಷಿ ಹೇಳಿದರು, ಅವರಲ್ಲಿ ಕವಿ ಚಾಸರ್ ಒಬ್ಬ. ಕೊನೆಗೆ ಸ್ಕ್ರೋಪ್ ಗೆದ್ದ. ಇತ್ತ ಕದಂಬರ ಶಾಸನ ತೆಗೆಯಿರಿ: ವಾನರಧ್ವಜ, ಸಿಂಹಲಾಂಛನ. ಹೊಂಬುಜದ ಸಾಂತರರದ್ದು ತೆಗೆಯಿರಿ: ಅದೇ ವಾನರಧ್ವಜ, ಅದೇ ಮೃಗರಾಜಲಾಂಛನ. ನೆರೆಹೊರೆಯ ಎರಡು ಮನೆತನ, ಒಂದೇ ಕೋತಿ, ಒಂದೇ ಸಿಂಹ. ಇದಕ್ಕಾಗಿ ಕೋರ್ಟಿಗೆ ಹೋದವರನ್ನು ನಾನು ಯಾವ ಶಾಸನದಲ್ಲೂ ಕಂಡಿಲ್ಲ. ನಮ್ಮವರ ಕಚ್ಚಾಟವೆಲ್ಲ ಊರಿಗಾಗಿ, ಕೆರೆಗಾಗಿ, ದನಕ್ಕಾಗಿ, ಚಿತ್ರಕ್ಕಾಗಿ ಅಲ್ಲ. ಒಬ್ಬನಿಗೆ ಒಂದೇ, ಇನ್ನೊಬ್ಬನಿಗೆ ಕೂಡದು ಎಂಬ ಹಟ ಯೂರೋಪಿನ ಹೆರಾಲ್ಡರದ್ದು, ಅದನ್ನು ನಮ್ಮ ಲಾಂಛನಗಳ ಮೇಲೆ ಹೇರುವುದು ತಪ್ಪು.

ಬಣ್ಣದ್ದೂ ಹಾಗೆಯೇ. ಆ ಅಮೆರಿಕದ ಸಂಘದಲ್ಲಿ ಚಿನ್ನದ ಮೇಲೆ ಬೆಳ್ಳಿ ಬರೆಯಬಾರದು, ನೀಲಿಯ ಮೇಲೆ ಕೆಂಪು ಬರೆಯಬಾರದು. ದೂರದಿಂದ ಕಾಣಿಸದು ಎಂಬುದು ಕಾರಣ. ನಿಯಮ ಒಳ್ಳೆಯದೇ. ಆದರೆ ನಮ್ಮ ಲಾಂಛನ ಉಳಿದಿರುವುದು ಕಲ್ಲು, ತಾಮ್ರ, ನಾಣ್ಯಗಳಲ್ಲಿ. ಹೊಯ್ಸಳರ ಬಾವುಟ ಹಳದಿ, ಹುಲಿ ಕೆಂಪು ಎಂದು ಯಾರಾದರೂ ಖಡಾಖಂಡಿತ ಹೇಳಿದರೆ, ಯಾವ ಕಲ್ಲಿನಲ್ಲಿದೆ ಸ್ವಾಮಿ ಎಂದು ಕೇಳಿ.

ನಮ್ಮ ಚಿಹ್ನೆಗಳನ್ನು ಯೂರೋಪಿನ ಗುರಾಣಿಗೆ ತುರುಕುವ ಪ್ರಯತ್ನ ಒಂದು ಸಲ ಸರ್ಕಾರಿ ಮಟ್ಟದಲ್ಲೇ ನಡೆದಿದೆ. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಆಗ ದೇಶೀಯ ಅರಸರಿಗೆ ಒಂದೊಂದು ದೊಡ್ಡ ಧ್ವಜ ಕೊಟ್ಟರು. ಬಂಗಾಳ ಸಿವಿಲ್ ಸರ್ವೀಸಿನ ರಾಬರ್ಟ್ ಟೇಲರ್ ಎಂಬ ಅಧಿಕಾರಿ ಒಬ್ಬೊಬ್ಬರಿಗೂ ಇಂಗ್ಲಿಷ್ ಮಾದರಿಯ ಕುಲಚಿಹ್ನೆ ಬರೆದುಕೊಟ್ಟಿದ್ದ. ಸಾವಿರ ವರ್ಷದ ವಂಶಾವಳಿ ಹೇಳಿಕೊಳ್ಳುವ ಮನೆತನಗಳಿಗೆ ಒಬ್ಬ ಗುಮಾಸ್ತೆ ಲಾಂಛನ ಹಂಚಿದ ಪ್ರಸಂಗ ಇದು. ಗಂಡಭೇರುಂಡದಂಥ ಹಕ್ಕಿಗೆ ಅಂಥವರ ಹಂಗು ಬೇಕಿರಲಿಲ್ಲ. ಬಳ್ಳಿಗಾವೆಯ ಭೇರುಂಡ ಕಂಬ ನಿಂತದ್ದು 1047ರಲ್ಲಿ. ಅದೇ ಹಕ್ಕಿ ವಿಜಯನಗರದ ಅಚ್ಯುತರಾಯನ ನಾಣ್ಯ ಹತ್ತಿ, ಮೈಸೂರು ಅರಮನೆ ಹೊಕ್ಕು, ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಕೂತಿದೆ.

ತರೀಕೆರೆಯ ಪಾಳೆಯಗಾರರನ್ನು ಬಿಟ್ಟರೆ ನೀವು ನನ್ನನ್ನು ಬಿಡುವುದಿಲ್ಲ. ಅವರ ಹೆಸರಿಗೆ ಸೇರಿದ ಸರ್ಜಾ ಎಂಬುದು ವಿಶೇಷ. 1830ರ ನಗರ ದಂಗೆಯ ಕಥೆಯಲ್ಲಿ ಆ ಮನೆತನ ಬರುತ್ತದೆ. ಸರ್ಜಾ ಹನುಮಪ್ಪನಾಯಕ ಎನ್ನುವಾಗ ಇಟ್ಟ ಹೆಸರು, ಅಧಿಕಾರ, ಗೌರವ ಮೂರೂ ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಆ ಸಂಘದ 1600ರ ಗೆರೆಯೊಳಗೆ ದಂಗೆಯ ಕಾಲದ ನಾಯಕರು ಬರುವುದಿಲ್ಲ, ಆದರೆ ನಮ್ಮ ಗೆರೆ ನಾವೇ ಎಳೆದುಕೊಳ್ಳಬಹುದಲ್ಲ. ಅಜ್ಜಂಪುರದ ದನದ ಕಥೆಯೂ ಹೆಸರಿನದೇ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ದೊರೆ ಹೋದ, ರಾಜ್ಯ ಹೋಯಿತು. ಅಜ್ಜಂಪುರದ ತಳಿ ಕೇಂದ್ರದ ಬೋರ್ಡಿನ ಮೇಲೆ ಅವನಿಟ್ಟ ಹೆಸರು ಈಗಲೂ ಇದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ರಾಜ್ಯೋತ್ಸವ ಬಂದರೆ, ಶಾಲೆಯ ವಾರ್ಷಿಕೋತ್ಸವ ಬಂದರೆ ಕಡೂರು, ತರೀಕೆರೆ, ಅಜ್ಜಂಪುರ ಈ ನಮ್ಮ ಮೂರು ತಾಲ್ಲೂಕಿನಲ್ಲೂ ಮಕ್ಕಳಿಗೆ ರಾಜರ ವೇಷ ಕಟ್ಟುತ್ತೇವೆ. ವೇಷ ಹೊಯ್ಸಳರದು, ಹೆಸರು ಟಿವಿ ಧಾರಾವಾಹಿಯದು, ಬಾವುಟದ ಮೇಲಿನ ಸಿಂಹ ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ಇಂಗ್ಲಿಷ್ ಫುಟ್ಬಾಲ್ ತಂಡದ್ದು. ಏಳು ಸಮುದ್ರದ ಆಚೆಯವರು ಹವ್ಯಾಸಕ್ಕೆಂದು ಒಂದು ಹೆಸರಿನ ಪುರಾವೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಪುರಾವೆ ಹೊಲದ ಬದುವಿನಲ್ಲೇ ನಿಂತಿರುವ ನಾವು ತಿರುಗಿ ನೋಡುವುದಿಲ್ಲ. ಅವರ ಬಣ್ಣದ ನಿಯಮ, ಗುರಾಣಿಯ ಆಕಾರ ನಮಗೆ ಬೇಡ. ಪುರಾವೆ ಎಲ್ಲಿ ಎಂದು ಕೇಳುವ ಒಂದು ಅಭ್ಯಾಸವನ್ನು ಮಾತ್ರ ಎರವಲು ತರೋಣ.

ಆದ್ದರಿಂದ ಈ ಸಭೆಯ ಮುಂದೆ ಒಂದು ಕೆಲಸ ಇಡುತ್ತೇನೆ. ರೈಸ್ ಅವರ ಆರನೆಯ ಸಂಪುಟದ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ, ಕನ್ನಡ ಪಾಠವೂ ಅದರಲ್ಲಿದೆ. ಕಡೂರು, ತರೀಕೆರೆ ಭಾಗಗಳನ್ನು ಮೇಷ್ಟರುಗಳೂ ಕಾಲೇಜು ಹುಡುಗರೂ ಹಂಚಿಕೊಳ್ಳಲಿ. ಅಜ್ಜಂಪುರ ಆಗ ತರೀಕೆರೆಗೇ ಸೇರಿದ್ದರಿಂದ ಅದನ್ನು ಅಲ್ಲೇ ಹುಡುಕಬೇಕು. ಪ್ರತಿ ಶಾಸನದಿಂದ ಹೆಸರು, ಊರು, ಕಸುಬು, ಇಸವಿ, ಶಾಸನದ ಸಂಖ್ಯೆ ಬರೆದುಕೊಳ್ಳಲಿ. ಅರಸರನ್ನು ಬಿಡಿ, ಅವರ ಪಟ್ಟಿ ಆಗಲೇ ಇದೆ. ಗಾವುಂಡರನ್ನು, ಸೆಟ್ಟರನ್ನು, ಓಜರನ್ನು, ವೀರಗಲ್ಲಾದವರನ್ನು, ದಾನ ಬಿಟ್ಟ ಹೆಂಗಸರನ್ನು ಬರೆಯಿರಿ. ಮುಂದಿನ ರಾಜ್ಯೋತ್ಸವದ ಮೆರವಣಿಗೆಗೆ ಹೊರಡುವ ಒಂದೊಂದು ಮಗುವಿನ ಎದೆಯ ಮೇಲೂ ಆ ಪಟ್ಟಿಯಿಂದ ತೆಗೆದ ಹೆಸರಿರಲಿ, ಕೆಳಗೆ ಶಾಸನದ ಸಂಖ್ಯೆಯಿರಲಿ. ಶುರು ಮಾಡುವವರು ತರೀಕೆರೆ 45ರಿಂದ ಶುರು ಮಾಡಿ.