ಸದ್ದಿಲ್ಲದ ಗುದ್ದು

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಸಂದರ್ಭದಲ್ಲಿ ಕಟ್ಟಿದರೋ ತಿಳಿಯದು. ಮೂರು ದಶಕಗಳ ಕಾಲ ಕಡತಗಳ ನಡುವೆ ಬದುಕಿದ ನನಗೆ ಮಾತ್ರ, ಅದು ಕಚೇರಿಯನ್ನು ಕಂಡೇ ಹುಟ್ಟಿದ ಮಾತೆನಿಸುತ್ತದೆ. ಸಂತೆಯಲ್ಲಿ ಬೀಳುವ ಗುದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ; ನಾಲ್ಕು ಜನ ಬಂದು ಬಿಡಿಸುತ್ತಾರೆ. ಕಚೇರಿಯ ಗುದ್ದಿಗೆ ಸದ್ದಿಲ್ಲ, ಗಾಯದ ಗುರುತೂ ಇಲ್ಲ.

ಅದರ ಸ್ವರೂಪವನ್ನು ನೋಡಿ. ಸಭೆಯ ವಿಷಯ ಎಲ್ಲರಿಗೂ ತಿಳಿದಿರುತ್ತದೆ, ಒಬ್ಬರಿಗೆ ಮಾತ್ರ ತಿಳಿದಿರುವುದಿಲ್ಲ. ಎಲ್ಲರ ರಜೆಯ ಅರ್ಜಿಯೂ ಮಂಜೂರಾಗುತ್ತದೆ, ಒಬ್ಬರದು ಮಾತ್ರ ಮೇಜಿನ ಮೇಲೆಯೇ ಉಳಿಯುತ್ತದೆ. ಒಂದು ದಿನ ಮುಗಿಯದಷ್ಟು ಕೆಲಸ, ಮರುದಿನ ಕೈಗೆ ಕೆಲಸವೇ ಇಲ್ಲ. ಒಬ್ಬರು ಒಳಗೆ ಬಂದೊಡನೆ ಉಳಿದವರ ಮಾತು ನಿಲ್ಲುತ್ತದೆ. ಇವುಗಳಲ್ಲಿ ಯಾವುದೊಂದನ್ನು ಹೇಳಿಕೊಂಡರೂ, "ಇಷ್ಟಕ್ಕೆಲ್ಲ ಯಾರಾದರೂ ಬೇಸರಪಡುತ್ತಾರೆಯೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳಿಸಿಕೊಂಡವನು ಕೊನೆಗೆ ತನ್ನನ್ನೇ ಶಂಕಿಸತೊಡಗುತ್ತಾನೆ.

ಸ್ವೀಡನ್ನಿನಲ್ಲಿ ಕೆಲಸ ಮಾಡಿದ ಮನಃಶಾಸ್ತ್ರಜ್ಞ ಹೈಂಜ್ ಲೇಮನ್ 1980ರ ದಶಕದಲ್ಲಿ ಈ ಕಿರುಕುಳಕ್ಕೆ 'ಮಾಬಿಂಗ್' ಎಂಬ ಹೆಸರನ್ನು ಬಳಸಿದರು. ಸಣ್ಣ ಪ್ರಾಣಿಗಳು ಗುಂಪುಗೂಡಿ ದೊಡ್ಡದೊಂದನ್ನು ಬೆದರಿಸುವುದಕ್ಕೆ ಪ್ರಾಣಿಶಾಸ್ತ್ರದಲ್ಲಿದ್ದ ಹೆಸರು ಅದು. ಹಗಲಿನಲ್ಲಿ ಸಿಕ್ಕಿದ ಗೂಬೆಯನ್ನು ಕಾಗೆಗಳು ಮುತ್ತುವುದನ್ನು ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆಯಾದರೂ, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ನಡೆಯುವ ಉಪಟಳವೆಂಬುದು ಲೇಮನ್ ಇಟ್ಟುಕೊಂಡ ಅಳತೆ. ಒಂದು ದಿನದ ಸಿಡುಕು ಕಿರುಕುಳವಲ್ಲ. ಒಬ್ಬರ ಮೇಲೆಯೇ ಮತ್ತೆ ಮತ್ತೆ ಬೀಳುವ ಸಣ್ಣ ಪೆಟ್ಟುಗಳ ಮೊತ್ತವೇ ಕಿರುಕುಳ.

ಹಾಗಾದರೆ ಶಿಸ್ತಿನ ಅಧಿಕಾರಿಗಳೆಲ್ಲ ಪೀಡಕರೆ? ಅಲ್ಲ. ನಿಷ್ಠುರವಾದ ಅಧಿಕಾರಿ ತಪ್ಪನ್ನು ತೋರಿಸುತ್ತಾನೆ, ತಿದ್ದಿಕೊಳ್ಳಲು ದಾರಿಯನ್ನೂ ಹೇಳುತ್ತಾನೆ. ತಿದ್ದಿಕೊಂಡ ಮೇಲೆ ಅವನ ಮಾತು ಅಲ್ಲಿಗೆ ಮುಗಿಯುತ್ತದೆ. ಪೀಡಕನಿಗೆ ತಪ್ಪು ಒಂದು ನೆಪ. ಇದನ್ನು ತಿದ್ದಿದರೆ ಅವನು ಇನ್ನೊಂದನ್ನು ಹುಡುಕುತ್ತಾನೆ. ಒಬ್ಬನ ದೃಷ್ಟಿ ಕೆಲಸದ ಮೇಲೆ, ಇನ್ನೊಬ್ಬನ ದೃಷ್ಟಿ ಮನುಷ್ಯನ ಮೇಲೆ.

ನಮ್ಮ ಸರಕಾರಿ ಕಚೇರಿಗಳಲ್ಲಿ ಗೌಪ್ಯ ವರದಿ ಎಂಬುದೊಂದಿತ್ತು. ಪ್ರತಿಕೂಲವಾದ ಮಾತುಗಳನ್ನು ಮಾತ್ರ ನೌಕರನಿಗೆ ತಿಳಿಸುವುದು ರೂಢಿ. ಆದರೆ ಹೊಗಳಿಕೆಯಂತೆ ತೋರುವ 'ಉತ್ತಮ' ಎಂಬ ಒಂದು ಶಬ್ದವೇ, 'ಅತ್ಯುತ್ತಮ' ಎಂದಿರಬೇಕಾದ ಕಡೆ, ಅವನಿಗೆ ತಿಳಿಯದಂತೆ ಬಡ್ತಿಯನ್ನು ತಡೆಯಬಹುದಾಗಿತ್ತು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪಿತ್ತಿತು. ಕತ್ತಲೆಯಲ್ಲಿ ಬರೆದದ್ದು ಬೆಳಕಿಗೆ ಬರಬೇಕೆಂಬುದು ಅದರ ತಿರುಳು. ಕೆಲಸದ ಸ್ಥಳದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳಕ್ಕೆ 2013ರ ಕಾಯಿದೆ ಇದೆ. ಸಾಮಾನ್ಯ ಸ್ವರೂಪದ ಪೀಡನೆಗೆ ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯಿದೆ ಇಲ್ಲ. ಸ್ವೀಡನ್ 1993ರಲ್ಲಿಯೇ ಇದಕ್ಕೆಂದು ನಿಯಮ ಮಾಡಿತು. ಫ್ರಾನ್ಸಿನಲ್ಲಿ ದೊಡ್ಡದೊಂದು ದೂರವಾಣಿ ಸಂಸ್ಥೆಯಾದ ಫ್ರಾನ್ಸ್ ಟೆಲಿಕಾಂ 22,000 ನೌಕರರನ್ನು ಹೊರಹೋಗುವಂತೆ ಮಾಡಲು ಹೂಡಿದ ಉಪಾಯಗಳನ್ನು ಪ್ಯಾರಿಸ್ ನ್ಯಾಯಾಲಯ 2019ರಲ್ಲಿ ಅಪರಾಧವೆಂದು ಸಾರಿತು. ಅಷ್ಟರಲ್ಲಿ ಆ ನೌಕರರಲ್ಲಿ ಹಲವರು ತಮ್ಮ ಪ್ರಾಣವನ್ನೇ ಕಳೆದುಕೊಂಡಿದ್ದರು.

ಕಾಯಿದೆ ಬರುವವರೆಗೆ ಕಾಯುತ್ತ ಕೂರಬೇಕೆ? ಬಡವನ ಕೋಪ ದವಡೆಗೆ ಮೂಲವೆಂಬುದು ನಿಜ. ಪೀಡಕನೊಡನೆ ಕೂಗಾಡಿದರೆ ಅವನಿಗೆ ಬೇಕಾದ ನೆಪವನ್ನು ನಾವೇ ಒದಗಿಸಿದಂತೆ. ಬದಲಾಗಿ ಬರೆದಿಡಬೇಕು. ದಿನಾಂಕ, ವೇಳೆ, ಆಡಿದ ಮಾತು, ಅಲ್ಲಿದ್ದವರ ಹೆಸರು, ಇಷ್ಟು ಸಾಕು. ಬಾಯಿಮಾತಿನ ಆಜ್ಞೆಯನ್ನು ವಿನಯದಿಂದಲೇ ಲಿಖಿತವಾಗಿ ಕೇಳಬೇಕು. ಆರು ತಿಂಗಳ ಟಿಪ್ಪಣಿಯನ್ನು ಒಟ್ಟಿಗೆ ಓದಿದಾಗ, ಬಿಡಿಬಿಡಿಯಾಗಿ ಕ್ಷುಲ್ಲಕವೆನಿಸಿದ್ದು ಒಂದು ಆಕಾರ ತಳೆಯುತ್ತದೆ. ಹಿರಿಯ ಅಧಿಕಾರಿಗಾಗಲಿ, ನೌಕರರ ಸಂಘಕ್ಕಾಗಲಿ ದೂರು ಕೊಡುವವನಿಗೆ ಅದೇ ಆಧಾರ. ನಿದ್ದೆ ಊಟಗಳು ಕೆಟ್ಟಾಗ ಮನೆಯವರಿಗೆ ಹೇಳಿ ವೈದ್ಯರನ್ನು ಕಾಣುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಆದರೆ ಈ ಹೊರೆಯನ್ನೆಲ್ಲ ನೊಂದವನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನಾನು ಕಂಡ ಕಚೇರಿಯೊಂದರಲ್ಲಿ, ತುಂಬಿದ ಸಭೆಯ ಮುಂದೆ ಒಬ್ಬ ಹೆಣ್ಣುಮಗಳನ್ನು ಕೆಲಸಗಳ್ಳಿಯೆಂದು ಹಳಿಯಲಾಗುತ್ತಿತ್ತು. ನಿವೃತ್ತಿಯ ಅಂಚಿನಲ್ಲಿದ್ದ ಹೆಡ್ ಗುಮಾಸ್ತರೊಬ್ಬರು ಮೆಲ್ಲನೆ ಎದ್ದು, "ಸ್ವಾಮಿ, ಆ ಕಡತ ಆಕೆಯ ಕೈಗೆ ಬಂದ ತಾರೀಖು ಯಾವುದು?" ಎಂದರು. ಟಪಾಲು ಪುಸ್ತಕ ತರಿಸಲಾಯಿತು. ಕಡತ ಅವರಿಗೆ ಬಂದದ್ದು ಹಿಂದಿನ ಸಂಜೆ. ಯಾರೂ ಏನನ್ನೂ ಹೇಳಲಿಲ್ಲ. ಹೆಡ್ ಗುಮಾಸ್ತರು ಕುಳಿತುಕೊಂಡರು. ಅವರು ಯಾರ ಮೇಲೂ ಆರೋಪ ಹೊರಿಸಿರಲಿಲ್ಲ, ದೊಡ್ಡ ಮಾತನ್ನೂ ಆಡಿರಲಿಲ್ಲ. ಒಂದು ತಾರೀಖನ್ನು ಕೇಳಿದ್ದರು, ಅಷ್ಟೆ. ಆ ಹೆಣ್ಣುಮಗಳು ಮಾತ್ರ ಅಂದು ಬಹಳ ದಿನಗಳ ಮೇಲೆ ತಲೆಯೆತ್ತಿ ನೋಡಿದರು.

ಪೀಡಕನ ಬಲವೆಲ್ಲ ಸುತ್ತ ಕುಳಿತವರ ಮೌನದಲ್ಲಿದೆ. ನಮ್ಮ ಪಕ್ಕದ ಮೇಜಿನವರು ಇತ್ತೀಚೆಗೆ ಯಾಕೆ ಒಂಟಿಯಾಗಿ ಊಟ ಮಾಡುತ್ತಿದ್ದಾರೆಂದು ಕೇಳಲು ಯಾವ ಕಾಯಿದೆಯೂ ಬೇಕಾಗಿಲ್ಲ.